ಪಾಸ್‌ವರ್ಡ್ ಸರಿಯಿದ್ದರೂ ಒಳಗೆ ಬಿಡದ ಲಿನಕ್ಸ್: ಎಲ್ಲವನ್ನೂ ಅಳಿಸುವ ಮೊದಲು ಏನನ್ನು ನೋಡಬೇಕು?

ಸಲಹೆ ಕೇಳಿದವರು

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳಿಂದ ನನ್ನ ಲ್ಯಾಪ್‌ಟಾಪಿನಲ್ಲಿ ಉಬುಂಟು 22.04 (ಲಿನಕ್ಸಿನ ಒಂದು ರೂಪ) ಬಳಸುತ್ತಿದ್ದೇನೆ. ವ್ಯವಸ್ಥೆ ಕೂರುವ ರೂಟ್ ಪಾರ್ಟಿಷನ್‌ಗೆ (ಡಿಸ್ಕಿನ ಒಂದು ಭಾಗಕ್ಕೆ) 40 ಜಿಬಿ ಕೊಟ್ಟಿದ್ದೇನೆ, ನನ್ನ ಕಡತಗಳಿರುವ ಹೋಮ್ ಬೇರೆ ಪಾರ್ಟಿಷನ್‌ನಲ್ಲಿದೆ. ನಿನ್ನೆ ಅಪ್‌ಡೇಟ್ ಹಾಕಿ ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗಿನಿಂದ, ಪಾಸ್‌ವರ್ಡ್ ಕೊಟ್ಟರೆ ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಅದೇ ಲಾಗಿನ್ ಪರದೆಗೆ ಬಂದು ನಿಲ್ಲುತ್ತದೆ. ಬೇಕೆಂದೇ ತಪ್ಪು ಪಾಸ್‌ವರ್ಡ್ ಕೊಟ್ಟರೆ ತಪ್ಪು ಎಂದು ಹೇಳುತ್ತದೆ. ಇದಲ್ಲದೆ ಕೆಲವು ವಾರಗಳಿಂದ ವೈಫೈ ಕೂಡ ಆಗಾಗ ಕಡಿದುಹೋಗುತ್ತಿತ್ತು. ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಕೊಳ್ಳುವುದೋ, ಮಿಂಟ್ ಎಂಬ ಇನ್ನೊಂದು ಲಿನಕ್ಸ್‌ಗೆ ಹೋಗುವುದೋ ತಿಳಿಯುತ್ತಿಲ್ಲ. ಇನ್ನೊಂದು ಸಂದೇಹವೂ ಇದೆ. ಒಂದೇ ತಂತ್ರಾಂಶ ಡೆಬ್, ಸ್ನ್ಯಾಪ್, ಫ್ಲಾಟ್‌ಪ್ಯಾಕ್ ಎಂದು ಮೂರು ರೂಪಗಳಲ್ಲಿ ಸಿಗುವಾಗ ನೀವೆಲ್ಲ ಯಾವುದನ್ನು ಆರಿಸಿಕೊಳ್ಳುತ್ತೀರಿ? ಇಂಥದ್ದನ್ನು ಅನುಭವಿಸಿದವರು ದಯವಿಟ್ಟು ತಿಳಿಸಿ.

ಸರ್ವರ್ ನಿರ್ವಹಣೆಯ ಕೆಲಸದಲ್ಲಿರುವವರು

ಅರ್ಧ ಉತ್ತರ ನಿಮ್ಮ ವಿವರಣೆಯಲ್ಲೇ ಇದೆ. ತಪ್ಪು ಪಾಸ್‌ವರ್ಡನ್ನು ತಪ್ಪೆಂದು ಗುರುತಿಸಿ, ಸರಿಯಾದದ್ದನ್ನು ಒಪ್ಪಿಕೊಂಡ ಮೇಲೆ ಹೊರಗೆ ತಳ್ಳುತ್ತಿದೆಯೆಂದರೆ, ಗುರುತಿನ ಪರಿಶೀಲನೆ ಸರಿಯಾಗಿಯೇ ನಡೆದು, ಆ ನಂತರ ಡೆಸ್ಕ್‌ಟಾಪ್ ತೆರೆದುಕೊಳ್ಳುವ ಹಂತದಲ್ಲಿ ಏನೋ ಎಡವುತ್ತಿದೆ. ಈ ಲಕ್ಷಣ ಕಂಡಾಗ ನಾನು ಮೊದಲು ಅನುಮಾನಿಸುವುದು ತುಂಬಿಹೋದ ಡಿಸ್ಕನ್ನು.

ಲಾಗಿನ್ ಪರದೆಯಲ್ಲಿ ಕಂಟ್ರೋಲ್, ಆಲ್ಟ್ ಮತ್ತು ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅಕ್ಷರ ಮಾತ್ರದ ಕನ್ಸೋಲ್ ತೆರೆಯುತ್ತದೆ. ಅಲ್ಲಿ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ ‘ಡಿಎಫ್ -ಎಚ್’ ಎಂದು ಕೊಡಿ. ರೂಟ್ ಪಾರ್ಟಿಷನ್‌ನ ಸಾಲಿನಲ್ಲಿ ಶೇಕಡಾ 100 ಎಂದಿದ್ದರೆ ಕಾರಣ ಸಿಕ್ಕಿತು. ‘ಡಿಸ್ಕ್ ತುಂಬಿದ್ದರೆ ಯಂತ್ರ ಚಾಲೂ ಆಗುವುದಾದರೂ ಹೇಗೆ?’ ಎಂದು ಹಲವರು ಕೇಳುತ್ತಾರೆ. ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ಇಎಕ್ಸ್‌ಟಿ4 ಕಡತವ್ಯವಸ್ಥೆಯು ಸಾಮಾನ್ಯವಾಗಿ ಶೇಕಡಾ 5ರಷ್ಟು ಜಾಗವನ್ನು ರೂಟ್ ಎಂಬ ಆಡಳಿತ ಬಳಕೆದಾರನಿಗಾಗಿ ಕಾದಿರಿಸುತ್ತದೆ. ನಿಮ್ಮ 40 ಜಿಬಿಯಲ್ಲಿ ಅದು ಸುಮಾರು 2 ಜಿಬಿ ಆಗುತ್ತದೆ. ಆದ್ದರಿಂದ ವ್ಯವಸ್ಥೆಯ ಸೇವೆಗಳು ಆ ಉಳಿಕೆಯಲ್ಲಿ ಉಸಿರಾಡಿಕೊಂಡು ಚಾಲೂ ಆಗುತ್ತವೆ, ಆದರೆ ಸಾಮಾನ್ಯ ಬಳಕೆದಾರರಾದ ನಿಮ್ಮ ಡೆಸ್ಕ್‌ಟಾಪಿಗೆ ‘/ಟಿಎಂಪಿ’ ಎಂಬ ತಾತ್ಕಾಲಿಕ ಫೋಲ್ಡರಿನಲ್ಲಿ ಒಂದು ಚಿಕ್ಕ ಕಡತ ಬರೆಯಲೂ ಎಡೆ ಸಿಗದೆ ಅದು ಬಿದ್ದುಹೋಗುತ್ತದೆ.

ಜಾಗ ಎಲ್ಲಿ ಹೋಯಿತು ಎಂದು ಹುಡುಕಲು ‘ಡಿಯು’ ಆಜ್ಞೆಯನ್ನು ಸುಡೊ (ರೂಟ್ ಅಧಿಕಾರದಲ್ಲಿ ಆಜ್ಞೆ ನಡೆಸುವ ಸಲಕರಣೆ) ಜೊತೆಗೆ, ‘-ಎಕ್ಸ್’ ಆಯ್ಕೆ ಸೇರಿಸಿ, ಆಳ 1 ಎಂದು ಮಿತಿ ಹಾಕಿ ಬಳಸಿರಿ. ‘-ಎಕ್ಸ್’ ಇಲ್ಲದಿದ್ದರೆ ಅದು ಹೋಮ್ ಪಾರ್ಟಿಷನ್‌ಗೂ ನುಗ್ಗಿ ಲೆಕ್ಕವನ್ನು ಕೆಡಿಸುತ್ತದೆ. ದೊಡ್ಡದಾಗಿ ಕಂಡ ಫೋಲ್ಡರಿನೊಳಗೆ ಹೋಗಿ ಅದನ್ನೇ ಮತ್ತೆ ಮಾಡಿದರೆ ಮೂರು ನಾಲ್ಕು ಸುತ್ತಿನಲ್ಲಿ ಕಳ್ಳ ಸಿಕ್ಕಿಬೀಳುತ್ತಾನೆ. ಸಾಮಾನ್ಯವಾಗಿ ಸಿಗುವವು ಇವೇ: ಜರ್ನಲ್ ಲಾಗ್‌ಗಳು (ವ್ಯವಸ್ಥೆ ಬರೆದಿಡುವ ದಿನಚರಿ), ಇಳಿಸಿಕೊಂಡು ಉಳಿದ ಪ್ಯಾಕೇಜುಗಳು, ಹಳೆಯ ಕರ್ನಲ್‌ಗಳು (ವ್ಯವಸ್ಥೆಯ ತಿರುಳು). ಜರ್ನಲ್ ತಾನಾಗಿಯೇ ಕಡತವ್ಯವಸ್ಥೆಯ ಶೇಕಡಾ 10ರವರೆಗೆ, ಗರಿಷ್ಠ 4 ಜಿಬಿ ಬೆಳೆಯಬಲ್ಲದು. ‘ಜರ್ನಲ್‌ಸಿಟಿಎಲ್’ ಆಜ್ಞೆಗೆ ‘ವ್ಯಾಕ್ಯೂಮ್-ಸೈಜ್’ ಆಯ್ಕೆಯಲ್ಲಿ 200 ಎಂಬಿ ಎಂದು ಕೊಟ್ಟರೆ ಹಳೆಯದನ್ನು ಕತ್ತರಿಸುತ್ತದೆ. ‘ಎಪಿಟಿ ಕ್ಲೀನ್’ ಮತ್ತು ‘ಎಪಿಟಿ ಆಟೋರಿಮೂವ್’ ಉಳಿದೆರಡನ್ನು ನೋಡಿಕೊಳ್ಳುತ್ತವೆ. ಕರ್ನಲ್ ಕಡತಗಳನ್ನು ‘/ಬೂಟ್’ ಒಳಗಿನಿಂದ ಕೈಯಾರೆ ಅಳಿಸಲು ಮಾತ್ರ ಹೋಗಬೇಡಿ.

ಲಾಗ್ ವಿಷಯದಲ್ಲಿ ನಾನೇ ಮಾಡಿಕೊಂಡ ಒಂದು ಪೆದ್ದುತನವನ್ನು ಹೇಳುತ್ತೇನೆ. ಒಮ್ಮೆ ಒಂದು ಸೇವೆಯ ಲಾಗ್ ಕಡತವೇ 14 ಜಿಬಿಗೆ ಬೆಳೆದಿತ್ತು. ಸಿಕ್ಕಿತಲ್ಲ ಎಂಬ ಖುಷಿಯಲ್ಲಿ ‘ಆರ್‌ಎಂ’ ಕೊಟ್ಟು ಅಳಿಸಿದೆ, ಕಡತ ಮಾಯವಾಯಿತು, ಆದರೆ ‘ಡಿಎಫ್’ ಮಾತ್ರ ಇನ್ನೂ ಶೇಕಡಾ 100 ಎನ್ನುತ್ತಿತ್ತು. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು: ಆ ಸೇವೆ ಕಡತವನ್ನು ತೆರೆದೇ ಇಟ್ಟುಕೊಂಡಿದ್ದರಿಂದ, ಫೋಲ್ಡರಿನಿಂದ ಹೆಸರು ಅಳಿದಿತ್ತೇ ಹೊರತು ಜಾಗ ಬಿಡುಗಡೆಯಾಗಿರಲಿಲ್ಲ. ‘ಎಲ್‌ಎಸ್‌ಒಎಫ್ +ಎಲ್1’ ಎಂದು ಕೊಟ್ಟಾಗ ಅಳಿಸಿದ ಕಡತವೂ ಅದನ್ನು ಹಿಡಿದುಕೊಂಡಿದ್ದ ಪ್ರಕ್ರಿಯೆಯೂ ಒಂದೇ ಸಾಲಿನಲ್ಲಿ ಕಂಡವು. ಸೇವೆಯನ್ನು ನಿಲ್ಲಿಸಿ ಮತ್ತೆ ಆರಂಭಿಸಿದ ಕೂಡಲೇ 14 ಜಿಬಿ ಮರಳಿ ಬಂತು. ಅಂದಿನಿಂದ ಚಾಲನೆಯಲ್ಲಿರುವ ಸೇವೆಯ ಲಾಗನ್ನು ನಾನು ಅಳಿಸುವುದಿಲ್ಲ, ‘ಟ್ರಂಕೇಟ್’ ಆಜ್ಞೆಯಿಂದ ಅದರ ಗಾತ್ರವನ್ನು ಸೊನ್ನೆಗೆ ಇಳಿಸುತ್ತೇನೆ.

ಜಾಗ ಮಾಡಿಕೊಂಡ ಮೇಲೆ ತಕ್ಷಣ ರೀಸ್ಟಾರ್ಟ್ ಮಾಡಬೇಡಿ. ನಿನ್ನೆಯ ಅಪ್‌ಡೇಟ್ ಜಾಗ ಸಾಲದೆ ಅರ್ಧಕ್ಕೆ ನಿಂತಿರುವ ಸಾಧ್ಯತೆಯಿದೆ. ಮೊದಲು ‘ಡಿಪಿಕೆಜಿ --ಕಾನ್ಫಿಗರ್ -ಎ’, ಅನಂತರ ‘ಎಪಿಟಿ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’ ಎರಡನ್ನೂ ಸುಡೊ ಜೊತೆ ನಡೆಸಿ, ‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು’ ಕೂಡ ಕೊಟ್ಟುಬಿಡಿ. ಅರೆಬರೆ ಬರೆದ ಇನಿಟ್‌ರಾಮ್‌ಎಫ್‌ಎಸ್ (ಯಂತ್ರ ಚಾಲೂ ಆಗುವ ಆರಂಭದಲ್ಲಿ ಬೇಕಾಗುವ ಕಡತ) ಇದ್ದರೆ ಮುಂದಿನ ಸಲ ಲಾಗಿನ್ ಪರದೆಯೂ ಕಾಣಿಸದೆ ಹೋಗಬಹುದು.

ಕಚೇರಿಯ ಹತ್ತಾರು ಯಂತ್ರಗಳನ್ನು ನೋಡಿಕೊಳ್ಳುವವರು

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಡಿಸ್ಕ್ ತುಂಬಿಲ್ಲವೆಂದು ಕಂಡುಬಂದರೆ ಮುಂದೇನು ಎಂಬುದನ್ನು ಸೇರಿಸುತ್ತೇನೆ. ಅದೇ ಕನ್ಸೋಲಿನಿಂದ ‘ಆಡ್‌ಯೂಸರ್’ ಬಳಸಿ ಒಬ್ಬ ಹೊಸ ಬಳಕೆದಾರನನ್ನು ಸೃಷ್ಟಿಸಿ ಆ ಹೆಸರಿನಲ್ಲಿ ಲಾಗಿನ್ ಆಗಲು ಯತ್ನಿಸಿ. ಹೊಸಬನಿಗೆ ಡೆಸ್ಕ್‌ಟಾಪ್ ತೆರೆದುಕೊಂಡರೆ ವ್ಯವಸ್ಥೆಯಲ್ಲಿ ದೋಷವಿಲ್ಲ, ನಿಮ್ಮ ಹೋಮ್ ಫೋಲ್ಡರಿನ ಯಾವುದೋ ಸೆಟ್ಟಿಂಗ್‌ನಲ್ಲಿ ದೋಷವಿದೆ. ಎರಡು ನಿಮಿಷದ ಈ ಪರೀಕ್ಷೆಯನ್ನು ಮಾಡದೆ ಇಡೀ ವ್ಯವಸ್ಥೆಯನ್ನು ಮತ್ತೆ ಹಾಕಿ, ಹಳೆಯ ಹೋಮನ್ನು ಜೋಡಿಸಿದ ಮರುಕ್ಷಣ ಅದೇ ತೊಂದರೆ ಮತ್ತೆ ಎದುರಾಗಿ ಪೆಚ್ಚಾದವರನ್ನು ನಾನು ಕಂಡಿದ್ದೇನೆ.

ಎಕ್ಸ್11 ಎಂಬ ಹಳೆಯ ಪರದೆ ವ್ಯವಸ್ಥೆಯ ಸೆಷನ್ ಬಳಸುವವರಲ್ಲಿ ಇನ್ನೊಂದು ಹಳೆಯ ಕಾರಣವುಂಟು. ಎಂದೋ ಒಮ್ಮೆ ಸುಡೊ ಹಾಕಿ ಗ್ರಾಫಿಕಲ್ ಎಡಿಟರ್ ತೆರೆದಿದ್ದರೆ, ಹೋಮಿನಲ್ಲಿರುವ ‘.ಎಕ್ಸ್‌ಅಥಾರಿಟಿ’ ಎಂಬ ಅಡಗಿದ ಕಡತದ ಒಡೆತನ ರೂಟ್‌ಗೆ ಹೋಗಿಬಿಟ್ಟಿರಬಹುದು. ‘ಎಲ್‌ಎಸ್ -ಎಲ್‌ಎ’ ಕೊಟ್ಟಾಗ ನಿಮ್ಮ ಹೆಸರಿರಬೇಕಾದಲ್ಲಿ ರೂಟ್ ಎಂದಿದ್ದರೆ ‘ಚೌನ್’ ಮೂಲಕ ಒಡೆತನವನ್ನು ಮರಳಿ ಪಡೆದರೆ ಸಾಕು.

ಸಂಶೋಧನಾ ವಿದ್ಯಾರ್ಥಿ

‘ಡಿಎಫ್ -ಎಚ್’ ಜಾಗ ಇದೆ ಎನ್ನುತ್ತದೆ, ಆದರೂ ‘ಸಾಧನದಲ್ಲಿ ಸ್ಥಳವಿಲ್ಲ’ ಎಂಬ ದೋಷ ಬರುತ್ತದೆ ಎಂದಾದರೆ ‘ಡಿಎಫ್ -ಐ’ ಕೊಟ್ಟು ನೋಡಿ. ಇಎಕ್ಸ್‌ಟಿ4ರಲ್ಲಿ ಐನೋಡ್‌ಗಳ (ಪ್ರತಿ ಕಡತಕ್ಕೂ ಬೇಕಾದ ದಾಖಲೆಗಳ) ಸಂಖ್ಯೆ ಪಾರ್ಟಿಷನ್ ಸಿದ್ಧಪಡಿಸುವಾಗಲೇ ನಿಗದಿಯಾಗುತ್ತದೆ. ನನ್ನ ಒಂದು ಪ್ರೋಗ್ರಾಂ ಲಕ್ಷಗಟ್ಟಲೆ ಪುಟ್ಟ ಕಡತಗಳನ್ನು ಸೃಷ್ಟಿಸಿ, ಜಿಬಿಗಟ್ಟಲೆ ಜಾಗ ಖಾಲಿಯಿರುವಾಗಲೇ ಐನೋಡ್‌ಗಳನ್ನೆಲ್ಲ ತಿಂದುಹಾಕಿತ್ತು.

ವೈಫೈ ಜೊತೆ ಹೆಣಗಿದವರು

ವೈಫೈ ತೊಂದರೆಯನ್ನು ಲಾಗಿನ್ ತೊಂದರೆಗೆ ಗಂಟು ಹಾಕಬೇಡಿ. ಎರಡಕ್ಕೂ ಒಟ್ಟಿಗೆ ಕೈ ಹಾಕಿದರೆ ಯಾವ ಬದಲಾವಣೆಯಿಂದ ಏನು ಸರಿಹೋಯಿತೆಂದು ಗೊತ್ತಾಗುವುದಿಲ್ಲ.

ಸಂಪರ್ಕ ಕಡಿದಾಗ ಮೊದಲು ರೂಟರಿನ ವಿಳಾಸಕ್ಕೂ ಹೊರಗಿನ ಒಂದು ವಿಳಾಸಕ್ಕೂ ಎರಡು ಟರ್ಮಿನಲ್‌ಗಳಲ್ಲಿ ‘ಪಿಂಗ್’ ಓಡಿಸಿ. ರೂಟರ್ ಉತ್ತರಿಸುತ್ತಿದ್ದು ಹೊರಗಿನದು ಮಾತ್ರ ನಿಂತಿದ್ದರೆ ಲ್ಯಾಪ್‌ಟಾಪ್ ನಿರಪರಾಧಿ. ಎರಡೂ ಒಟ್ಟಿಗೆ ನಿಂತರೆ ಕಾರ್ಡಿನ ವಿದ್ಯುತ್ ಉಳಿತಾಯದ ವ್ಯವಸ್ಥೆಯನ್ನು ನೋಡಬೇಕು. ಉಬುಂಟುವಿನಲ್ಲಿ ನೆಟ್‌ವರ್ಕ್‌ಮ್ಯಾನೇಜರ್‌ನ ‘ಕಾನ್ಫ್.ಡಿ’ ಫೋಲ್ಡರಿನಲ್ಲಿ ವೈಫೈ ಪವರ್‌ಸೇವ್ ಕುರಿತ ಒಂದು ಕಡತವಿದ್ದು, ಅದರಲ್ಲಿ ಬೆಲೆ 3 ಎಂದಿರುತ್ತದೆ, ಅಂದರೆ ಉಳಿತಾಯ ಚಾಲೂ. ಅದನ್ನು 2 ಮಾಡಿ ನೆಟ್‌ವರ್ಕ್‌ಮ್ಯಾನೇಜರನ್ನು ಮತ್ತೆ ಆರಂಭಿಸಿದರೆ ಉಳಿತಾಯ ನಿಲ್ಲುತ್ತದೆ. ಬ್ಯಾಟರಿ ಸ್ವಲ್ಪ ಹೆಚ್ಚು ಖರ್ಚಾಗಬಹುದು. ನನ್ನ ಯಂತ್ರದಲ್ಲಿ ಹದಿನೈದು ನಿಮಿಷಕ್ಕೊಮ್ಮೆ ಕಡಿಯುತ್ತಿದ್ದದ್ದು ಇಷ್ಟರಿಂದಲೇ ನಿಂತಿತು.

ಕಡಿಯುವುದಲ್ಲ, ಕರ್ನಲ್ ಅಪ್‌ಡೇಟ್ ಆದ ಮೇಲೆ ವೈಫೈ ಕಾಣಿಸುವುದೇ ಇಲ್ಲ ಎಂಬುದು ಬೇರೆಯೇ ಕಾಯಿಲೆ. ಕೆಲವು ಬ್ರಾಡ್‌ಕಾಮ್ ಚಿಪ್‌ಗಳಂತೆ ಹೊರಗಿನ ಡ್ರೈವರ್ ಬೇಕಾದ ಯಂತ್ರಗಳಲ್ಲಿ, ಪ್ರತಿ ಹೊಸ ಕರ್ನಲ್‌ಗೂ ಡಿಕೆಎಂಎಸ್ ಎಂಬ ಸಲಕರಣೆಯ ಮೂಲಕ ಆ ಡ್ರೈವರನ್ನು ಮತ್ತೆ ಕಟ್ಟಬೇಕಾಗುತ್ತದೆ. ಕರ್ನಲ್ ಹೆಡರ್ ಪ್ಯಾಕೇಜ್ ಇಲ್ಲದಿದ್ದರೆ ಅದು ಕಟ್ಟಲಾಗುವುದಿಲ್ಲ, ಸೆಕ್ಯೂರ್ ಬೂಟ್ (ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ವ್ಯವಸ್ಥೆ) ಚಾಲೂ ಇದ್ದು ಕೀಲಿ ನೋಂದಣಿಯಾಗಿರದಿದ್ದರೆ ಕಟ್ಟಿದರೂ ಲೋಡ್ ಆಗುವುದಿಲ್ಲ. ಆಗ ಯಂತ್ರ ಚಾಲೂ ಆಗುವಾಗ ಬರುವ ಗ್ರಬ್ ಮೆನುವಿನ ‘ಅಡ್ವಾನ್ಸ್ಡ್ ಆಪ್ಷನ್ಸ್’ ಸಾಲಿನಿಂದ ಹಿಂದಿನ ಕರ್ನಲನ್ನು ಆರಿಸಿ ಚಾಲೂ ಮಾಡಿದರೆ ಅಂತರ್ಜಾಲ ಮರಳುತ್ತದೆ, ಉಳಿದ ದುರಸ್ತಿಯನ್ನು ಸಾವಧಾನವಾಗಿ ಮಾಡಿಕೊಳ್ಳಬಹುದು. ಹಳೆಯ ಕರ್ನಲ್ ಒಂದನ್ನು ಉಳಿಸಿಕೊಂಡಿರಬೇಕು ಎನ್ನುವುದು ಇದಕ್ಕಾಗಿಯೇ.

ತಂತ್ರಾಂಶ ಬರೆಯುವವರು

ಡೆಬ್, ಸ್ನ್ಯಾಪ್, ಫ್ಲಾಟ್‌ಪ್ಯಾಕ್ ಪ್ರಶ್ನೆಗೆ ನನ್ನ ಉತ್ತರ. ‘ಯಾವುದು ಶ್ರೇಷ್ಠ’ ಎಂಬ ಜಗಳದಲ್ಲಿ ನನಗೆ ಆಸಕ್ತಿಯಿಲ್ಲ. ಈ ತಂತ್ರಾಂಶಕ್ಕೆ ಮುಂದಿನ ವರ್ಷ ಅಪ್‌ಡೇಟ್ ಕೊಡುವವರು ಯಾರು, ಇದು ಯಾವ ಪಾರ್ಟಿಷನ್‌ನಲ್ಲಿ ಕೂರುತ್ತದೆ ಎಂಬ ಎರಡು ಪ್ರಶ್ನೆಗಳನ್ನಷ್ಟೇ ಕೇಳಿಕೊಳ್ಳುತ್ತೇನೆ.

ಡಿಸ್ಟ್ರೋದ (ಉಬುಂಟುವಿನಂಥ ಲಿನಕ್ಸ್ ರೂಪದ) ಸ್ವಂತ ಭಂಡಾರದಲ್ಲಿರುವ ಡೆಬ್ ನನ್ನ ಮೊದಲ ಆಯ್ಕೆ. ಆವೃತ್ತಿ ಹಳೆಯದಾಗಿರಬಹುದು, ಆದರೆ ಟರ್ಮಿನಲ್ ಸಲಕರಣೆ, ಪ್ರಿಂಟರ್ ಡ್ರೈವರ್, ಡೇಟಾಬೇಸ್ ಇಂಥವುಗಳಲ್ಲಿ ನನಗೆ ಬೇಕಾದದ್ದೂ ಅದೇ. ವಿಡಿಯೊ ಎಡಿಟರ್, ಚಿತ್ರ ಬಿಡಿಸುವ ತಂತ್ರಾಂಶಗಳಂತೆ ಹೊಸ ಆವೃತ್ತಿಯಲ್ಲೇ ಸಾರವಿರುವವುಗಳನ್ನು ಫ್ಲಾಟ್‌ಪ್ಯಾಕ್‌ನಲ್ಲಿ ಹಾಕಿಕೊಳ್ಳುತ್ತೇನೆ. ಉಬುಂಟು 22.04ರಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ ರೂಪದಲ್ಲೇ ಬರುತ್ತದೆ. ಅದು ಸರಿಯಾಗಿ ನಡೆಯುತ್ತಿದ್ದರೆ ಹಾಗೆಯೇ ಬಿಡಿ.

ನಿಮ್ಮ 40 ಜಿಬಿಗೆ ಸಂಬಂಧಿಸಿದ ಮಾತು ಇಲ್ಲಿದೆ. ಸ್ನ್ಯಾಪ್ ಅಪ್‌ಡೇಟ್ ಆದಾಗ ಹಿಂದಿನ ಆವೃತ್ತಿಯನ್ನೂ ಇಟ್ಟುಕೊಳ್ಳುತ್ತದೆ. ಎಷ್ಟು ಆವೃತ್ತಿ ಉಳಿಸಬೇಕೆಂದು ಹೇಳುವ ‘ರಿಫ್ರೆಶ್.ರಿಟೇನ್’ ಬೆಲೆಯನ್ನು 2ಕ್ಕಿಂತ ಕಡಿಮೆ ಮಾಡಲು ಅದು ಬಿಡುವುದಿಲ್ಲ. ಫ್ಲಾಟ್‌ಪ್ಯಾಕ್ ತಂತ್ರಾಂಶ ಚಿಕ್ಕದಾದರೂ ಮೊದಲ ಬಾರಿ ನೂರಾರು ಎಂಬಿಯ ರನ್‌ಟೈಮನ್ನು (ಅದು ನಡೆಯಲು ಬೇಕಾದ ಲೈಬ್ರರಿಗಳ ಕಂತೆಯನ್ನು) ಎಳೆದುಕೊಂಡು ಬರುತ್ತದೆ. ಇವೆರಡೂ ಸಾಮಾನ್ಯವಾಗಿ ‘/ವಾರ್’ ಒಳಗೆ, ಅಂದರೆ ನಿಮ್ಮ ರೂಟ್ ಪಾರ್ಟಿಷನ್‌ನಲ್ಲೇ ಕೂರುತ್ತವೆ. ಫ್ಲಾಟ್‌ಪ್ಯಾಕ್‌ಗೆ ‘--ಯೂಸರ್’ ಆಯ್ಕೆ ಕೊಟ್ಟು ಹಾಕಿಕೊಂಡರೆ ಅದು ಹೋಮಿಗೆ ಹೋಗುತ್ತದೆ, ಬೇಡದ ರನ್‌ಟೈಮ್‌ಗಳನ್ನು ‘ಅನ್‌ಇನ್‌ಸ್ಟಾಲ್ --ಅನ್‌ಯೂಸ್ಡ್’ ತೆಗೆದುಹಾಕುತ್ತದೆ.

ಫ್ಲಾಟ್‌ಪ್ಯಾಕ್‌ನ ಬೇಲಿ ನನ್ನನ್ನು ಒಮ್ಮೆ ಚೆನ್ನಾಗಿ ಆಡಿಸಿತು. ಹೊಸದಾಗಿ ಹಾಕಿಕೊಂಡ ಚಿತ್ರ ಎಡಿಟರಿನಲ್ಲಿ ಎರಡನೆಯ ಡಿಸ್ಕಿನ ಫೋಲ್ಡರ್ ಖಾಲಿಯಾಗಿ ಕಾಣುತ್ತಿತ್ತು. ಫೈಲ್ ಮ್ಯಾನೇಜರಿನಲ್ಲಿ ಅದೇ ಫೋಲ್ಡರ್ ತೆರೆದರೆ ಚಿತ್ರಗಳೆಲ್ಲ ಇದ್ದವು. ಡಿಸ್ಕೇ ಕೆಡುತ್ತಿದೆಯೆಂದು ಹೆದರಿ ರಾತ್ರಿಯೆಲ್ಲ ಬ್ಯಾಕಪ್ ತೆಗೆದೆ. ಆ ತಂತ್ರಾಂಶಕ್ಕೆ ಹೋಮಿನ ಹೊರಗೆ ನೋಡುವ ಅನುಮತಿಯೇ ಇರಲಿಲ್ಲ ಎಂಬುದು ಮರುದಿನ ಗೊತ್ತಾಯಿತು, ಅನುಮತಿಗಳನ್ನು ಬದಲಿಸುವ ಫ್ಲಾಟ್‌ಸೀಲ್‌ನಲ್ಲಿ ಆ ದಾರಿಯನ್ನು ಸೇರಿಸಿದೊಡನೆ ಚಿತ್ರಗಳು ಕಂಡವು. ಬ್ಯಾಕಪ್ ಅಂತೂ ಆಯಿತಲ್ಲ ಎಂದು ಸಮಾಧಾನಪಟ್ಟುಕೊಂಡೆ.

ಪಿಪಿಎಗಳನ್ನು (ಹೊರಗಿನವರ ಪ್ಯಾಕೇಜ್ ಭಂಡಾರಗಳನ್ನು) ಕೈಲಾದಷ್ಟು ಕಡಿಮೆ ಸೇರಿಸಿ. ಬಿಡುಗಡೆಯಿಂದ ಬಿಡುಗಡೆಗೆ ಏರುವಾಗ ಅವು ನಿಷ್ಕ್ರಿಯಗೊಳ್ಳುತ್ತವೆ, ಆದರೆ ಅವುಗಳಿಂದ ಬಂದ ಪ್ಯಾಕೇಜುಗಳು ವಾರಸುದಾರರಿಲ್ಲದೆ ಉಳಿದು ಹೊಸ ಲೈಬ್ರರಿಗಳಿಗೆ ಅಡ್ಡ ಬರುತ್ತವೆ. ಒಂದೇ ಕಡತದ ರೂಪದಲ್ಲಿ ಸಿಗುವ ಆಪ್‌ಇಮೇಜ್ ತಂತ್ರಾಂಶ 22.04ರಲ್ಲಿ ತೆರೆಯದಿದ್ದರೆ ‘ಲಿಬ್‌ಫ್ಯೂಸ್2’ ಪ್ಯಾಕೇಜ್ ಇದೆಯೇ ಎಂದು ನೋಡಿ.

ಬೇರೆ ಅಭಿಪ್ರಾಯದವರು

ಇಷ್ಟೆಲ್ಲ ಅಗೆಯುವ ಅಗತ್ಯವಿದೆಯೇ? ಹೋಮ್ ಬೇರೆ ಪಾರ್ಟಿಷನ್‌ನಲ್ಲಿ ಇರುವುದರಿಂದ, ಅದನ್ನು ಫಾರ್ಮ್ಯಾಟ್ ಮಾಡದೆ ರೂಟನ್ನು ಮಾತ್ರ ಹೊಸದಾಗಿ ಹಾಕಿಕೊಂಡರೆ ಒಂದು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ನಾನು ಹಾಗೆಯೇ ಮಾಡುತ್ತೇನೆ, ಪಶ್ಚಾತ್ತಾಪವಾಗಿಲ್ಲ. ಆದರೆ ಈ ಕಾರಣಕ್ಕಾಗಿ ಮಿಂಟ್‌ಗೆ ಹೋಗುವುದರಲ್ಲಿ ಅರ್ಥವಿಲ್ಲ. ಮಿಂಟ್ 21 ನಿಂತಿರುವುದೇ ಉಬುಂಟು 22.04ರ ಮೇಲೆ, ತುಂಬಿದ ಡಿಸ್ಕ್ ಅಲ್ಲಿಯೂ ತುಂಬಿದ ಡಿಸ್ಕೇ. ಅದರ ಡೆಸ್ಕ್‌ಟಾಪ್ ಇಷ್ಟವಾದರೆ ಹೋಗಿ.

ಸರ್ವರ್ ನಿರ್ವಹಣೆಯ ಕೆಲಸದಲ್ಲಿರುವವರು

ಒಂದು ಗಂಟೆಯ ಲೆಕ್ಕವನ್ನು ಒಪ್ಪಬಹುದು, ಆದರೆ ಸೆಟ್ಟಿಂಗ್‌ಗಳನ್ನು ಮತ್ತೆ ಕೂಡಿಸುವ ವಾರವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದಿರಲಿ, ಪ್ರಶ್ನೆ ಕೇಳಿದವರು ಟೈಮ್‌ಶಿಫ್ಟ್ (ವ್ಯವಸ್ಥೆಯ ಪ್ರತಿಗಳನ್ನು, ಅಂದರೆ ಸ್ನ್ಯಾಪ್‌ಶಾಟ್‌ಗಳನ್ನು, ತೆಗೆದಿಡುವ ತಂತ್ರಾಂಶ) ಬಳಸುತ್ತಿದ್ದಾರೆಯೇ? ಮೊದಲೇ ಕೇಳಬೇಕಿತ್ತು. ಅದರ ಸ್ನ್ಯಾಪ್‌ಶಾಟ್‌ಗಳನ್ನು ರೂಟ್ ಪಾರ್ಟಿಷನ್‌ನಲ್ಲೇ ಇಡಲು ಬಿಟ್ಟಿದ್ದರೆ ‘/ಟೈಮ್‌ಶಿಫ್ಟ್’ ಫೋಲ್ಡರನ್ನು ನೋಡಿ. ಆರ್‌ಸಿಂಕ್ ಎಂಬ ನಕಲಿಸುವ ವಿಧಾನದಲ್ಲಿ ಬದಲಾಗದ ಕಡತಗಳನ್ನು ಹಾರ್ಡ್‌ಲಿಂಕ್ ಮಾಡಿ (ಮತ್ತೆ ನಕಲಿಸದೆ ಹಿಂದಿನ ಪ್ರತಿಗೇ ಕೊಂಡಿ ಹಾಕಿ) ಜಾಗ ಉಳಿಸುತ್ತದೆಯಾದರೂ ಮೊದಲ ಪ್ರತಿ ವ್ಯವಸ್ಥೆಯಷ್ಟೇ ದೊಡ್ಡದಾಗಿರುತ್ತದೆ. ಕಂಡರೆ ‘ಆರ್‌ಎಂ’ ಬಳಸದೆ ‘ಟೈಮ್‌ಶಿಫ್ಟ್ --ಡಿಲೀಟ್’ ಮೂಲಕವೇ ತೆಗೆಯಿರಿ.

ಸಲಹೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಕನ್ಸೋಲಿನಿಂದ ಒಳಗೆ ಹೋದೆ. ‘ಡಿಎಫ್’ ಶೇಕಡಾ 100 ಎಂದಿತು, ಹಿಂದಿನ ಬೂಟ್‌ನ ಜರ್ನಲ್ ತುಂಬ ಸ್ಥಳವಿಲ್ಲವೆಂಬ ಸಾಲುಗಳೇ ಇದ್ದವು. ‘/ಟೈಮ್‌ಶಿಫ್ಟ್’ ಒಂದರಲ್ಲೇ 17 ಜಿಬಿ ಇತ್ತು. ಆರು ತಿಂಗಳ ಹಿಂದೆ ಜಾಗ್ರತೆಗೆಂದು ಹಾಕಿಕೊಂಡು ಮರೆತಿದ್ದೆ. ಒಂದನ್ನು ಉಳಿಸಿ ಮಿಕ್ಕ ಸ್ನ್ಯಾಪ್‌ಶಾಟ್‌ಗಳನ್ನು ಅಳಿಸಿದೆ, ಜರ್ನಲನ್ನು 200 ಎಂಬಿಗೆ ಇಳಿಸಿದೆ, ಬಾಕಿಯಿದ್ದ ನಾಲ್ಕು ಪ್ಯಾಕೇಜುಗಳ ಜೋಡಣೆಯನ್ನು ಡಿಪಿಕೆಜಿ ಮುಗಿಸಿತು. ಈಗ ಡೆಸ್ಕ್‌ಟಾಪಿನಿಂದಲೇ ಬರೆಯುತ್ತಿದ್ದೇನೆ. ಟೈಮ್‌ಶಿಫ್ಟ್ ಇನ್ನು ಮುಂದೆ ಹೊರಗಿನ ಡಿಸ್ಕಿಗೆ ಬರೆಯುವಂತೆ ಬದಲಿಸಿದ್ದೇನೆ, ಅದು ಹೋಮನ್ನು ತಾನಾಗಿ ಸೇರಿಸಿಕೊಳ್ಳುವುದಿಲ್ಲವೆಂಬುದು ಈಗಷ್ಟೇ ಕಂಡದ್ದರಿಂದ ಹೋಮಿಗೆ ಬೇರೆ ಬ್ಯಾಕಪ್ ಇಡಬೇಕಾಗಿದೆ. ವೈಫೈ ಬೆಲೆಯನ್ನು 2 ಮಾಡಿ ಮೂರು ಗಂಟೆಯಾಯಿತು, ಪಿಂಗ್ ಇನ್ನೂ ಓಡುತ್ತಿದೆ.