141 ದೇಶಗಳು ಖಂಡಿಸಿದರೂ ಯುದ್ಧ ನಿಲ್ಲಲಿಲ್ಲವೇಕೆ? ನಿರ್ಬಂಧಗಳ ಭಾರ ಹೊತ್ತವರು ಯಾರು?

ಸಪ್ತಾಪುರದ ಓದುಗ, ಧಾರವಾಡ:

ಸ್ಪರ್ಧಾತ್ಮಕ ಪರೀಕ್ಷೆಯ ಪ್ರಬಂಧ ಪತ್ರಿಕೆಗೆ ಸಿದ್ಧತೆ ನಡೆಸುವಾಗ ಎದ್ದ ಸಂಶಯವನ್ನು ತಿಳಿದವರ ಮುಂದೆ ಇಡುತ್ತಿದ್ದೇನೆ. 2022ರ ಫೆಬ್ರುವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ಮಾರ್ಚ್ 2ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ 141 ದೇಶಗಳು ಅದನ್ನು ಖಂಡಿಸಿ ಮತ ಹಾಕಿದವು. ವಿರೋಧಿಸಿದ್ದು ಐದೇ ದೇಶಗಳು. ಭಾರತವೂ ಸೇರಿ 35 ದೇಶಗಳು ತಟಸ್ಥವಾಗಿ ಉಳಿದವು. ರಷ್ಯಾದ ಕೇಂದ್ರ ಬ್ಯಾಂಕಿಗೆ ಸೇರಿದ ಸುಮಾರು 300 ಶತಕೋಟಿ ಡಾಲರ್ ಮೀಸಲು ಹಣವನ್ನು ಪಾಶ್ಚಾತ್ಯ ದೇಶಗಳು ತಡೆಹಿಡಿದವು. ಇಷ್ಟಾದರೂ ಯುದ್ಧ ನಿಲ್ಲಲಿಲ್ಲ. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ನುಂಗಿದಾಗ ಏಳು ತಿಂಗಳು ತುಂಬುವುದರೊಳಗೆ ಅದನ್ನು ಬಿಡಿಸಿದ ಜಗತ್ತು ಈ ಸಲ ಏಕೆ ಸೋತಿತು?

ಇನ್ನೊಂದು ಪ್ರಶ್ನೆಯೂ ಇದೆ. ಆ ವರ್ಷ ಹುಬ್ಬಳ್ಳಿಯ ಕಿರಾಣಿ ಅಂಗಡಿಗಳಲ್ಲಿ ಅಡುಗೆ ಎಣ್ಣೆ ತುಟ್ಟಿಯಾದಾಗ ಎಲ್ಲರೂ ಯುದ್ಧದ ಕಡೆಗೆ ಕೈ ತೋರಿಸಿದರು. ಅದು ನಿಜವಾದ ಕಾರಣವೋ, ವ್ಯಾಪಾರಸ್ಥರಿಗೆ ಸಿಕ್ಕ ನೆಪವೋ?

ನಿವೃತ್ತ ಮಾಸ್ತರ, ಗದಗ:

ಮೊದಲನೆಯ ಪ್ರಶ್ನೆಯಲ್ಲಿ ಎರಡು ಬೇರೆ ಸಂಗತಿಗಳು ಸೇರಿಕೊಂಡಿವೆ, ಬಿಡಿಸಿ ನೋಡೋಣ. ಯಾವುದೇ ದೇಶವನ್ನು ಕಟ್ಟುಪಾಡಿಗೆ ಒಳಪಡಿಸುವ ಅಧಿಕಾರ ಇರುವುದು ಭದ್ರತಾ ಮಂಡಳಿಗೆ. ಫೆಬ್ರುವರಿ 25ರಂದೇ ಅಲ್ಲಿ ನಿರ್ಣಯ ಬಂದಿತು. 11 ಸದಸ್ಯರು ಪರವಾಗಿದ್ದರು, ಭಾರತ, ಚೀನಾ ಮತ್ತು ಸಂಯುಕ್ತ ಅರಬ್ ಸಂಸ್ಥಾನ ತಟಸ್ಥವಾಗಿದ್ದವು, ಕಾಯಂ ಸದಸ್ಯನಾದ ರಷ್ಯಾ ತನ್ನ ವಿಟೊವನ್ನು (ನಿರ್ಣಯವನ್ನು ಒಂಟಿಯಾಗಿಯೇ ತಡೆಯುವ ಅಧಿಕಾರ) ಚಲಾಯಿಸಿ ಅದನ್ನು ಅಲ್ಲಿಗೇ ಮುಗಿಸಿತು. ಆಮೇಲೆ ವಿಷಯ ಸಾಮಾನ್ಯ ಸಭೆಗೆ ಹೋಯಿತು, ಆದರೆ ಆ ಸಭೆಯ ಮಾತಿಗೆ ನೈತಿಕ ತೂಕವಿದೆಯೇ ಹೊರತು ಜಾರಿಗೆ ತರುವ ಬಲವಿಲ್ಲ. 1990ರಲ್ಲಿ ಆಕ್ರಮಣಕಾರ ಇರಾಕಿನ ಕೈಯಲ್ಲಿ ವಿಟೊ ಇರಲಿಲ್ಲ. ಸೋವಿಯತ್ ಒಕ್ಕೂಟವೂ ಅಮೆರಿಕದ ಜೊತೆಗೆ ಮತ ಹಾಕಿತು. ಆಗಸ್ಟ್ 6ರ 661ನೇ ನಿರ್ಣಯ ಸಮಗ್ರ ಆರ್ಥಿಕ ನಿರ್ಬಂಧ ಹೇರಿತು, ನವೆಂಬರ್ 29ರ 678ನೇ ನಿರ್ಣಯ ಬಲಪ್ರಯೋಗಕ್ಕೆ ಅನುಮತಿ ಕೊಟ್ಟಿತು. ಕುವೈತನ್ನು ಬಿಡಿಸಿದ್ದು ನಿರ್ಬಂಧವಲ್ಲ, ಸೈನ್ಯ ಎಂಬುದನ್ನು ಮರೆಯಬಾರದು. ಅಣ್ವಸ್ತ್ರವುಳ್ಳ ರಷ್ಯಾದ ಎದುರು ಆ ದಾರಿ ತುಳಿಯಲು ಯಾರೂ ಸಿದ್ಧರಿರಲಿಲ್ಲ.

ಇನ್ನು ನಿರ್ಬಂಧಗಳ ಮಾತು. ಇದರಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಠಿಣವಾಗಿದೆ: ನಿರ್ಬಂಧ ಹೇರುವವರು ತಮಗೆ ನೋವಾಗುವ ಜಾಗದಲ್ಲಿಯೇ ಕಿಂಡಿ ಬಿಟ್ಟುಕೊಳ್ಳುತ್ತಾರೆ. 1935ರ ಅಕ್ಟೋಬರ್‌ನಲ್ಲಿ ಇಟಲಿ ಇಥಿಯೋಪಿಯದ ಮೇಲೆ ಬಿದ್ದಾಗ ವಿಶ್ವಸಂಸ್ಥೆಗಿಂತ ಮುಂಚೆ ಇದ್ದ ರಾಷ್ಟ್ರಸಂಘವು ನವೆಂಬರ್‌ನಲ್ಲಿ ನಿರ್ಬಂಧಗಳನ್ನು ಜಾರಿಗೆ ತಂದಿತು. ಆದರೆ ಆ ಪಟ್ಟಿಯಲ್ಲಿ ತೈಲವಿರಲಿಲ್ಲ. ಇಟಲಿಯ ಸರ್ವಾಧಿಕಾರಿ ಮುಸೊಲಿನಿಯ ಹಡಗುಗಳಿಗೆ ಸೂಯೆಜ್ ಕಾಲುವೆಯೂ ತೆರೆದೇ ಇತ್ತು. ಮರುವರ್ಷ ಜುಲೈನಲ್ಲಿ ಆ ನಿರ್ಬಂಧಗಳನ್ನು ಹಿಂದಕ್ಕೆ ಪಡೆಯಲಾಯಿತು. 2022ರಲ್ಲಿಯೂ ಅದೇ ಕಥೆ. ಬ್ಯಾಂಕುಗಳ ಅಂತರರಾಷ್ಟ್ರೀಯ ಸಂದೇಶ ಜಾಲವಾದ ಸ್ವಿಫ್ಟ್‌ನಿಂದ ಮಾರ್ಚ್‌ನಲ್ಲಿ ಏಳು ರಷ್ಯನ್ ಬ್ಯಾಂಕುಗಳನ್ನು ಹೊರಹಾಕಿದ ಯುರೋಪು, ತಾನು ಕೊಳ್ಳುವ ಅನಿಲ ಮತ್ತು ತೈಲದ ಹಣ ಹೋಗುವ ಸ್ಬೆರ್‌ಬ್ಯಾಂಕ್ ಹಾಗೂ ಗಾಜ್‌ಪ್ರಾಮ್‌ಬ್ಯಾಂಕ್‌ಗಳನ್ನು ಆಗ ಮುಟ್ಟಲಿಲ್ಲ. ರಷ್ಯಾದ ತೈಲಕ್ಕೆ ಪಾಶ್ಚಾತ್ಯ ದೇಶಗಳು ಡಿಸೆಂಬರ್ 5ರಿಂದ ಹಾಕಿದ ಬ್ಯಾರೆಲ್‌ಗೆ 60 ಡಾಲರ್ ಎಂಬ ಬೆಲೆಮಿತಿಯ ಉದ್ದೇಶವೂ ಆ ತೈಲ ಮಾರುಕಟ್ಟೆಗೆ ಬರುತ್ತಲೇ ಇರಬೇಕು, ಅದರ ಗಳಿಕೆ ಮಾತ್ರ ಇಳಿಯಬೇಕು ಎಂಬುದಾಗಿತ್ತು.

ಪರಿಣಾಮವನ್ನು ಅಂಕಿಗಳಲ್ಲಿ ನೋಡಿ. ಆ ವರ್ಷ ರಷ್ಯಾದ ಆರ್ಥಿಕತೆ ಶೇ 8.5ರಷ್ಟು ಕುಗ್ಗುತ್ತದೆ ಎಂದು ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಏಪ್ರಿಲ್‌ನಲ್ಲಿ ಅಂದಾಜಿಸಿತ್ತು. ನಿಜವಾಗಿ ಕುಗ್ಗಿದ್ದು ಶೇ 1ರಿಂದ 2ರ ಆಸುಪಾಸಿನಲ್ಲಿ. ತೈಲ ಮತ್ತು ಅನಿಲದ ದರ ಏರಿದ್ದರಿಂದ ಅದರ ಚಾಲ್ತಿ ಖಾತೆಯ ಮಿಗತೆ, ಅಂದರೆ ಹೊರದೇಶಗಳ ವಹಿವಾಟಿನಲ್ಲಿ ಹೋದದ್ದಕ್ಕಿಂತ ಹೆಚ್ಚಾಗಿ ಬಂದ ಹಣ, 200 ಶತಕೋಟಿ ಡಾಲರ್ ದಾಟಿತು. ಆಕ್ರಮಣಕ್ಕೆ ಒಳಗಾದ ಉಕ್ರೇನಿನ ಉತ್ಪನ್ನ ಮಾತ್ರ ಶೇ 30ರ ಸಮೀಪ ಕುಸಿಯಿತು. ದಂಡಿಸಿದ್ದು ಒಬ್ಬರನ್ನು, ದಂಡ ಬಿದ್ದದ್ದು ಯಾರ ಮೇಲೆ ಎಂದು ನೀವೇ ಲೆಕ್ಕ ಹಾಕಬಹುದು.

ಅಮರಗೋಳದ ಎಣ್ಣೆ ವ್ಯಾಪಾರಿ, ಹುಬ್ಬಳ್ಳಿ:

ಎರಡನೆಯ ಪ್ರಶ್ನೆಗೆ ಮಾರುಕಟ್ಟೆಯಲ್ಲಿ ಇರುವವನಾಗಿ ಉತ್ತರಿಸುತ್ತೇನೆ. ನೆಪ ಎನ್ನುವುದು ಪೂರ್ತಿ ನ್ಯಾಯವಲ್ಲ. ನಮ್ಮ ದೇಶ ತಿನ್ನುವ ಎಣ್ಣೆಯಲ್ಲಿ ಸುಮಾರು ಶೇ 60ರಷ್ಟು ಹೊರಗಿನಿಂದ ಬರುತ್ತದೆ, ಸೂರ್ಯಕಾಂತಿ ಎಣ್ಣೆಯಂತೂ ಆಗ ಬಹುಪಾಲು ಉಕ್ರೇನಿನಿಂದಲೇ ಬರುತ್ತಿತ್ತು. ಒಡೆಸಾ ಬಂದರು ಮುಚ್ಚಿದ ದಿನವೇ ಆ ಸರಕಿನ ದಾರಿ ಕಡಿಯಿತು. ಗಿರಾಕಿಗಳು ತಾಳೆ ಎಣ್ಣೆಯ ಕಡೆಗೆ ತಿರುಗುವಷ್ಟರಲ್ಲಿ, ಏಪ್ರಿಲ್ 28ರಂದು ಇಂಡೊನೇಷ್ಯಾ ತನ್ನ ಜನರಿಗೆ ಸಾಲದೆಂದು ತಾಳೆ ಎಣ್ಣೆಯ ರಫ್ತನ್ನೇ ನಿಲ್ಲಿಸಿತು. ಸುಮಾರು ಮೂರು ವಾರಗಳ ನಂತರ ಅದನ್ನು ತೆರವುಗೊಳಿಸಿತಾದರೂ ದರಕ್ಕೆ ಹತ್ತಿದ ಬಿಸಿ ಬೇಗ ಆರಲಿಲ್ಲ. ಮೇ ತಿಂಗಳ ಕೊನೆಯಲ್ಲಿ ಕೇಂದ್ರ ಸರ್ಕಾರ ಕಚ್ಚಾ ಸೋಯಾ ಮತ್ತು ಸೂರ್ಯಕಾಂತಿ ಎಣ್ಣೆಗಳಲ್ಲಿ ತಲಾ 20 ಲಕ್ಷ ಟನ್‌ವರೆಗೆ ಸುಂಕವಿಲ್ಲದ ಆಮದಿಗೆ ಅವಕಾಶ ಕೊಟ್ಟ ಮೇಲೆ ಸ್ವಲ್ಪ ಉಸಿರಾಡುವಂತಾಯಿತು.

ಹಳೆಯ ದಾಸ್ತಾನನ್ನು ಹೊಸ ದರಕ್ಕೆ ಮಾರಿದವರು ಇದ್ದರು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮಾರಿದ ಡಬ್ಬಿಯ ಜಾಗದಲ್ಲಿ ಹೊಸ ಡಬ್ಬಿಯನ್ನು ಯಾವ ದರಕ್ಕೆ ತರಬೇಕು ಎಂಬುದರ ಮೇಲೆ ಪೇಟೆಯ ದರ ನಿಲ್ಲುತ್ತದೆ. ದರ ಇಳಿಯುವಾಗ ಅದೇ ನಿಯಮ ನಮ್ಮನ್ನು ಸುಡುತ್ತದೆ. ಎಣ್ಣೆ ವ್ಯಾಪಾರಿಗಳನ್ನು ಬೈಯುವವರು ಪೆಟ್ರೋಲ್ ದರವನ್ನೂ ಒಮ್ಮೆ ನೋಡಬೇಕು. ಮಾರ್ಚ್ ಮೊದಲ ವಾರದಲ್ಲಿ ಜಾಗತಿಕ ದರದ ಅಳತೆಗೋಲಾದ ಬ್ರೆಂಟ್ ಕಚ್ಚಾ ತೈಲ ಬ್ಯಾರೆಲ್‌ಗೆ 130 ಡಾಲರ್ ದಾಟಿ ಹೋದರೂ ಐದು ರಾಜ್ಯಗಳ ಚುನಾವಣೆ ಮುಗಿಯುವ ತನಕ ಪಂಪಿನ ದರ ಅಲುಗಲಿಲ್ಲ. ಮಾರ್ಚ್ 22ರಿಂದ ಏಪ್ರಿಲ್ 6ರ ಒಳಗೆ ಲೀಟರಿಗೆ ಹತ್ತು ರೂಪಾಯಿ ಏರಿತು. ನಮ್ಮ ಲಾರಿ ಬಾಡಿಗೆ ಅದರ ಹಿಂದೆಯೇ ಏರಿತು.

ನಮ್ಮ ಭಾಗದ ಇನ್ನೊಂದು ಮಾತು. ಕರ್ನಾಟಕ ಒಂದು ಕಾಲಕ್ಕೆ ಸೂರ್ಯಕಾಂತಿಯ ತವರಾಗಿತ್ತು; ನೆಕ್ರೋಸಿಸ್ ರೋಗ ಮತ್ತು ಅಗ್ಗದ ಆಮದು ಸೇರಿ ಗದಗ, ಧಾರವಾಡ ಕಡೆಯ ಎರೆ ಹೊಲಗಳಿಂದ ಆ ಬೆಳೆಯನ್ನು ಬಹುಮಟ್ಟಿಗೆ ಹೊರದೂಡಿದವು. ಹೊಲ ಇಲ್ಲಿದ್ದೂ ಎಣ್ಣೆಗಾಗಿ ಕಪ್ಪು ಸಮುದ್ರದ ಕಡೆ ನೋಡುವ ಪರಿಸ್ಥಿತಿಯನ್ನು ತಂದದ್ದು ಯುದ್ಧವಲ್ಲ.

ರೈತ, ರಾಣೆಬೆನ್ನೂರು ತಾಲ್ಲೂಕು:

ಸಾಹುಕಾರರು ಎಣ್ಣೆಯ ಮಾತು ಹೇಳಿದರು, ನಾನು ಗೊಬ್ಬರದ ಮಾತು ಹೇಳುತ್ತೇನೆ. ಪೊಟ್ಯಾಷ್ ನಮ್ಮ ನೆಲದಲ್ಲಿ ಸಿಗುವುದಿಲ್ಲ. ರಷ್ಯಾ ಮತ್ತು ಬೆಲಾರೂಸ್ ಅದರ ದೊಡ್ಡ ಮಾರಾಟಗಾರರು, ಎರಡರ ಮೇಲೂ ನಿರ್ಬಂಧವಿತ್ತು. ಚೀಲಕ್ಕೆ 1,700 ರೂಪಾಯಿ ಆದಾಗ ಅನೇಕರು ಪೊಟ್ಯಾಷ್ ಹಾಕುವುದನ್ನೇ ಬಿಟ್ಟು ಯೂರಿಯಾ ಹೆಚ್ಚಿಗೆ ಎರಚಿದರು, ಏಕೆಂದರೆ ಅದರ ಚೀಲ 266 ರೂಪಾಯಿಯಲ್ಲಿಯೇ ಇತ್ತು. ಹಾಗೆ ಉಳಿಸಿದ್ದು ಸರ್ಕಾರದ ಸಬ್ಸಿಡಿ: 2022–23ರ ಬಜೆಟ್ಟಿನಲ್ಲಿ 1.05 ಲಕ್ಷ ಕೋಟಿ ಎಂದಿದ್ದ ರಸಗೊಬ್ಬರ ಸಬ್ಸಿಡಿ ವರ್ಷಾಂತ್ಯಕ್ಕೆ ಸುಮಾರು 2.5 ಲಕ್ಷ ಕೋಟಿ ಆಯಿತು. ಅದು ನಮ್ಮೆಲ್ಲರ ತೆರಿಗೆಯ ಹಣ.

ಲಾಭವೇ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಉಕ್ರೇನ್ ಗೋವಿನಜೋಳದ ದೊಡ್ಡ ರಫ್ತುದಾರ ದೇಶ. ಅದರ ಹಡಗುಗಳು ನಿಂತಿದ್ದರಿಂದ ನಮ್ಮ ಹಾವೇರಿ ಜಿಲ್ಲೆಯ ಗೋವಿನಜೋಳಕ್ಕೆ ಬೆಂಬಲ ಬೆಲೆಗಿಂತ ಮೇಲಿನ ದರ ಸಿಕ್ಕಿತು. ಗೋಧಿಯವರಿಗೆ ಆ ಭಾಗ್ಯ ಬಹಳ ದಿನ ಉಳಿಯಲಿಲ್ಲ, ಮೇ 13ರಂದು ಕೇಂದ್ರ ರಫ್ತು ನಿಷೇಧಿಸಿತು.

ಭಾರತ ತಟಸ್ಥವಾಗಿದ್ದುದನ್ನು ಹಗುರವಾಗಿ ಆಡಿಕೊಳ್ಳುವವರಿಗೆ ಒಂದು ವಿಷಯ ನೆನಪಿಸಬೇಕು. ನಮ್ಮ ತಾಲ್ಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಹಾರ್ಕಿವ್‌ನಲ್ಲಿ ದಾಳಿಗೆ ಬಲಿಯಾದದ್ದು ಮಾರ್ಚ್ 1ರಂದು. ಸಾಮಾನ್ಯ ಸಭೆಯ ಮತದಾನ ನಡೆದದ್ದು ಮರುದಿನ. ಆಗ ಹಾರ್ಕಿವ್ ಮತ್ತು ಸುಮಿಯಲ್ಲಿ ಇನ್ನೂ ನಮ್ಮ ಮಕ್ಕಳಿದ್ದರು, ಅವರನ್ನು ಹೊರತರಲು ಎರಡೂ ಸೈನ್ಯಗಳು ಗುಂಡು ನಿಲ್ಲಿಸಬೇಕಾಗಿತ್ತು. ಅವರನ್ನು ಕರೆತರುವ ಸರ್ಕಾರದ ಆಪರೇಷನ್ ಗಂಗಾದಡಿ ಸುಮಾರು 22,500 ಜನ ಮರಳಿದರು. ಆ ದಿನದ ಮತವನ್ನು ನಾನು ತಪ್ಪು ಎನ್ನಲಾರೆ. ಆಮೇಲಿನ ಮತಗಳ ವಿಷಯ ಬೇರೆ.

ಸಪ್ತಾಪುರದ ಓದುಗ, ಧಾರವಾಡ:

ಎಲ್ಲರಿಗೂ ಧನ್ಯವಾದಗಳು. ಮಾಸ್ತರರಲ್ಲಿ ಇನ್ನೊಂದು ಬಿನ್ನಹ. ಯುದ್ಧಕ್ಕೆ ಮುಂಚೆ ನಮ್ಮ ಕಚ್ಚಾ ತೈಲದ ಆಮದಿನಲ್ಲಿ ಶೇ 2ರಷ್ಟೂ ಇರದ ರಷ್ಯಾದ ಪಾಲು ಆಮೇಲೆ ಮೂರನೆಯ ಒಂದು ಭಾಗವನ್ನೂ ಮೀರಿತು. ಹೀಗಿರುವಾಗ ಭಾರತವನ್ನು ಭಾರ ಹೊತ್ತವರ ಸಾಲಿನಲ್ಲಿ ಸೇರಿಸುವುದು ಸರಿಯೇ?

ನಿವೃತ್ತ ಮಾಸ್ತರ, ಗದಗ:

ಸರಿಯಾದ ಆಕ್ಷೇಪ. ರಿಯಾಯಿತಿ ದರದ ತೈಲದಿಂದ ಸಂಸ್ಕರಣಾ ಕಂಪನಿಗಳಿಗೆ ಲಾಭವಾಯಿತು, ದೇಶದ ಆಮದು ವೆಚ್ಚವೂ ತಗ್ಗಿತು. ಪಂಪಿನ ಮುಂದೆ ನಿಂತವನಿಗೆ ಅದು ಅಷ್ಟಾಗಿ ಕಾಣಲಿಲ್ಲ. ಅದೇ ತೈಲದಿಂದ ತೆಗೆದ ಡೀಸೆಲ್ಲನ್ನು ಯುರೋಪು ನಮ್ಮಿಂದ ಕೊಂಡಿತು. ಆಮೇಲೆ 2025ರ ಆಗಸ್ಟ್ 27ರಿಂದ ಅಮೆರಿಕ ಇದೇ ತೈಲದ ಕಾರಣ ಕೊಟ್ಟು ಭಾರತದ ಸರಕಿನ ಮೇಲೆ ಹೆಚ್ಚುವರಿ ಶೇ 25ರ ಸುಂಕ ಹೇರಿತು. ತೈಲದ ಲಾಭ ಒಬ್ಬರಿಗೆ, ಸುಂಕದ ಪೆಟ್ಟು ಬಟ್ಟೆ ಮತ್ತು ಸಿಗಡಿ ರಫ್ತು ಮಾಡುವ ಇನ್ನೊಬ್ಬರಿಗೆ. ನಿಜವಾಗಿ ನಲುಗಿದ್ದು, ಗೋಧಿಗೆ ರಷ್ಯಾ ಮತ್ತು ಉಕ್ರೇನುಗಳನ್ನೇ ನೆಚ್ಚಿಕೊಂಡಿದ್ದ ಈಜಿಪ್ಟ್, ಲೆಬನಾನ್‌ಗಳಂಥ ದೇಶಗಳು. ಅವುಗಳಿಗಾಗಿಯೇ ಟರ್ಕಿ ಮತ್ತು ವಿಶ್ವಸಂಸ್ಥೆ 2022ರ ಜುಲೈನಲ್ಲಿ ಕುದುರಿಸಿದ ಕಪ್ಪು ಸಮುದ್ರದ ಧಾನ್ಯ ಒಪ್ಪಂದದಿಂದ ರಷ್ಯಾ ಮರುವರ್ಷ ಹೊರಬಂದಿತು.

ನಿಮ್ಮ ಪ್ರಬಂಧದಲ್ಲಿ ಪರಿಹಾರದ ವಿಷಯವನ್ನೂ ಸೇರಿಸಿರಿ, ಬಹಳ ಜನ ಅದನ್ನು ಬಿಡುತ್ತಾರೆ. ಕುವೈತ್ ಆಕ್ರಮಣದ ನಷ್ಟಕ್ಕಾಗಿ ವಿಶ್ವಸಂಸ್ಥೆಯ ಪರಿಹಾರ ಆಯೋಗವು ಇರಾಕಿನ ತೈಲದ ಆದಾಯದಿಂದ ಪಾಲು ಕತ್ತರಿಸಿ ಒಟ್ಟು 52.4 ಶತಕೋಟಿ ಡಾಲರ್ ಹಂಚಿತು. ಕುವೈತಿನಲ್ಲಿ ದುಡಿಯುತ್ತಿದ್ದ ಭಾರತೀಯರಿಗೂ ಅದರಲ್ಲಿ ಹಣ ಬಂದಿದೆ. ಆ ಕೊನೆಯ ಕಂತು ಸಂದಾಯವಾದದ್ದು 2022ರ ಜನವರಿಯಲ್ಲಿ. ಉಕ್ರೇನಿಗೆ ಅಂಥ ಆಯೋಗವನ್ನು ಭದ್ರತಾ ಮಂಡಳಿಯಿಂದ ಪಡೆಯಲು ರಷ್ಯಾದ ವಿಟೊ ಬಿಡುವುದಿಲ್ಲ. ಆದ್ದರಿಂದ ಅಮೆರಿಕ ಮೊದಲಾದ ಏಳು ಶ್ರೀಮಂತ ದೇಶಗಳ ಕೂಟವಾದ ಜಿ7 2024ರಲ್ಲಿ ಬೇರೆ ಉಪಾಯ ಹುಡುಕಿತು: ತಡೆಹಿಡಿದ ರಷ್ಯನ್ ಹಣದ ಅಸಲನ್ನು ಮುಟ್ಟದೆ, ಅದರ ಗಳಿಕೆಯಿಂದ ತೀರುವಂತೆ ಉಕ್ರೇನಿಗೆ 50 ಶತಕೋಟಿ ಡಾಲರ್ ಸಾಲ. ಅಸಲಿನ ದೊಡ್ಡ ಭಾಗ ಇರುವುದು ಷೇರು, ಸಾಲಪತ್ರಗಳನ್ನು ಕಾಪಿಡುವ ಬೆಲ್ಜಿಯಂನ ಯೂರೋಕ್ಲಿಯರ್ ಸಂಸ್ಥೆಯಲ್ಲಿ. ಒಂದು ದೇಶದ ಮೀಸಲನ್ನು ಇಂದು ಮುಟ್ಟುಗೋಲು ಹಾಕಿದರೆ ನಾಳೆ ಬೇರೆ ದೇಶಗಳು ತಮ್ಮ ಹಣವನ್ನು ಅಲ್ಲಿ ಇಡಲು ಹಿಂಜರಿಯಬಹುದು ಎಂಬ ಅಳುಕು ಆ ದೇಶಕ್ಕಿದೆ. ಈ ಅಳುಕನ್ನು 1935ರ ತೈಲದ ಕಿಂಡಿಯ ಪಕ್ಕದಲ್ಲಿ ಇಟ್ಟು ಬರೆಯಿರಿ. ಪರೀಕ್ಷಕರು ಬರೀ ದಿನಾಂಕಗಳ ಪಟ್ಟಿಗಿಂತ ಅದಕ್ಕೆ ಹೆಚ್ಚು ಬೆಲೆ ಕೊಟ್ಟಾರು.