ವಾರ್ಡ್ ಸದಸ್ಯರು ದುಡ್ಡಿಲ್ಲ ಅನ್ನುತ್ತಾರೆ, ಹಾಗಾದರೆ ಪುರಸಭೆ ದುಡ್ಡು ಎಲ್ಲಿ ಹೋಗುತ್ತದೆ?

ಮೂಲೆಮನೆ:
ನಮ್ಮದು ತಾಲ್ಲೂಕು ಕೇಂದ್ರ, ಪುರಸಭೆ ಇರುವ ಊರು. ನಮ್ಮ ಬೀದಿ ಚರಂಡಿ ಎರಡು ಕಡೆ ಕುಸಿದಿದೆ. ಚಪ್ಪಡಿ ಕಲ್ಲು ಒಳಗೆ ಬಿದ್ದು ನೀರು ಅಲ್ಲೇ ಕಟ್ಟಿಕೊಳ್ಳುತ್ತದೆ, ಜೋರು ಮಳೆ ಬಂದರೆ ಅದೇ ಕೊಳಕು ನೀರು ಅಂಗನವಾಡಿ ಬಾಗಿಲಿಗೆ ಬರುತ್ತದೆ. ಸದಸ್ಯರು ಒಳ್ಳೆಯವರೇ, ಫೋನ್ ಎತ್ತುತ್ತಾರೆ, ಬಂದು ನೋಡಿಯೂ ಹೋದರು. ಆದರೆ ಮಾತು ಒಂದೇ: "ಅನುದಾನ ಬಂದಿಲ್ಲ, ಬಂದ ಮೇಲೆ ಮಾಡಿಸೋಣ." ನಾವು ಪ್ರತಿ ವರ್ಷ ಏಪ್ರಿಲ್‌ನಲ್ಲೇ ಕಂದಾಯ ಕಟ್ಟುತ್ತೇವೆ. ಆ ದುಡ್ಡಿನಲ್ಲಿ ಒಂದು ಚರಂಡಿ ಸರಿಮಾಡಲು ಆಗುವುದಿಲ್ವಾ? ಸದಸ್ಯರ ಕೈಯಲ್ಲಿ ನಿಜವಾಗಿ ಏನಿದೆ? ಗೊತ್ತಿರುವವರು ಬಿಡಿಸಿ ಹೇಳಿ.

ಮಾಜಿ ಸದಸ್ಯ:
ಸರ್, ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಶಾಸಕರಿಗೆ ಕ್ಷೇತ್ರದ ಕೆಲಸಕ್ಕೆ ಅಂತ ವರ್ಷಕ್ಕೆ 2 ಕೋಟಿ ನಿಧಿ ಇದೆ. ಪುರಸಭೆ ಸದಸ್ಯರಿಗೆ ಅವರ ಹೆಸರಿನಲ್ಲಿ ಅಂಥ ನಿಧಿ ಇಲ್ಲ. ಅವರ ಬಲ ಇರುವುದು ಕೌನ್ಸಿಲ್ ಸಭೆಯಲ್ಲಿ. ಅನುದಾನ ಬಂದಾಗ ಯಾವ ವಾರ್ಡಿನ ಯಾವ ಕೆಲಸಕ್ಕೆ ಎಷ್ಟು ಅಂತ ಕ್ರಿಯಾ ಯೋಜನೆ ಮಾಡುತ್ತಾರಲ್ಲ, ಅಲ್ಲಿ ನಿಮ್ಮ ಚರಂಡಿಯ ಹೆಸರು ಸೇರದಿದ್ದರೆ ಆಮೇಲೆ ಎಷ್ಟು ಓಡಾಡಿದರೂ ಅಷ್ಟೇ. ಯೋಜನೆಗೆ ಮೇಲಿನಿಂದ ಅನುಮೋದನೆ ಬರಬೇಕು, ಇಂಜಿನಿಯರ್ ಅಂದಾಜು ಪಟ್ಟಿ ಮಾಡಬೇಕು, ಟೆಂಡರ್ ಆಗಬೇಕು. ಜನ ಮಳೆಗಾಲದಲ್ಲಿ ಚರಂಡಿ ಉಕ್ಕಿದಾಗ ನಮ್ಮ ಮನೆಗೆ ಬರುತ್ತಿದ್ದರು, ಆದರೆ ಬಜೆಟ್ ಆಗುವ ಜನವರಿ, ಫೆಬ್ರವರಿಯಲ್ಲಿ ಒಬ್ಬರೂ ಬರುತ್ತಿರಲಿಲ್ಲ. ನೀವು ಆಗ ಹೋಗಿ.

ಲೆಕ್ಕಶಾಖೆ:
ನಾನು ಬೇರೆ ಊರಿನ ಪುರಸಭೆಯಲ್ಲಿ ಲೆಕ್ಕ ನೋಡುತ್ತಿದ್ದೆ. ದುಡ್ಡು ಒಂದೇ ಪೆಟ್ಟಿಗೆಯಲ್ಲಿ ಇರುವುದಿಲ್ಲ ಸರ್, ಗೊಂದಲ ಆಗುವುದು ಅದಕ್ಕೇ. 15ನೇ ಹಣಕಾಸು ಆಯೋಗದ 2021-26ರ ಅನುದಾನ, ಅಂದರೆ ಆಯೋಗದ ಶಿಫಾರಸಿನಂತೆ ಕೇಂದ್ರ ಕೊಡುತ್ತಿದ್ದ ದುಡ್ಡು, ತೆಗೆದುಕೊಳ್ಳಿ. ನಮ್ಮಂಥ ಸಣ್ಣ ಊರುಗಳಿಗೆ ಅದರಲ್ಲಿ 60% ಕುಡಿಯುವ ನೀರು, ಕಸ ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿದ್ದು. ಉಳಿದ 40% ಊರಿನ ಬೇರೆ ಅಗತ್ಯಗಳಿಗೆ ಬಳಸಬಹುದಿತ್ತು, ಅದನ್ನೂ ಸಂಬಳಕ್ಕೆ ಕೊಡುವ ಹಾಗಿರಲಿಲ್ಲ. ಸ್ವಂತ ಆದಾಯದಲ್ಲಿ 24.10% ಪರಿಶಿಷ್ಟರ ಅಭಿವೃದ್ಧಿಗೆ, 7.25% ಇತರ ಬಡವರಿಗೆ, 5% ಅಂಗವಿಕಲರಿಗೆ ಎತ್ತಿಡಬೇಕು. ಇದು ಸರಿಯಾದ ನಿಯಮ, ಇದನ್ನು ತಿಂದು ಹಾಕಬಾರದು. ಆಮೇಲೆ ನಿಮ್ಮ ಕಂದಾಯದ ರಸೀದಿ ಒಮ್ಮೆ ನೋಡಿ. ತೆರಿಗೆ ಮೇಲೆ ಆರೋಗ್ಯ ಕರ 15%, ಗ್ರಂಥಾಲಯ ಕರ 6%, ಭಿಕ್ಷುಕರ ಕರ 3% ಇರುತ್ತದೆ. ಅದನ್ನು ಪುರಸಭೆ ಸುಮ್ನೆ ವಸೂಲಿ ಮಾಡಿ ದಾಟಿಸಬೇಕು, ಖರ್ಚು ಮಾಡುವಂತಿಲ್ಲ.

ಹಾಗಂತ "ದುಡ್ಡಿಲ್ಲ" ಅನ್ನುವ ಮಾತನ್ನು ಹಾಗೇ ನಂಬಬೇಡಿ. ಡಿಸಿಬಿ ಅಂತ ಒಂದು ತಖ್ತೆ ಇರುತ್ತದೆ: ಬೇಡಿಕೆ ಎಷ್ಟು, ವಸೂಲಿ ಎಷ್ಟು, ಬಾಕಿ ಎಷ್ಟು. ಮನೆ ಕಂದಾಯ, ನೀರಿನ ಕಂದಾಯ, ಮಳಿಗೆ ಬಾಡಿಗೆ ಎಲ್ಲಕ್ಕೂ ಬೇರೆ ಬೇರೆ. ನಾನು ಇದ್ದ ಕಡೆ ಬಸ್ ನಿಲ್ದಾಣದ ಹತ್ತಿರದ ಮಳಿಗೆಗಳ ಬಾಡಿಗೆ ವರ್ಷಗಟ್ಟಲೆ ಬಾಕಿ ಇತ್ತು, ಹಾಗೆ ನಿಂತ ಸಾಲಿನ ಮುಂದೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿಟ್ಟಿದ್ದೆ. ಸಭೆಯಲ್ಲಿ ಆ ಪುಟ ತೆಗೆದು ಕೇಳುವ ಸದಸ್ಯರು ಬಹಳ ಕಡಿಮೆ. ಕೇಳಬೇಕಾದವರು ಅವರೇ. ಬಾಡಿಗೆದಾರರು ಎಲ್ಲರಿಗೂ ಪರಿಚಯದವರೇ, ಅವರ ಮನಸ್ಸು ಯಾಕೆ ನೋಯಿಸಬೇಕು ಅಂತ ಬಿಡುತ್ತಾರೆ. ಆ ಬಾಕಿ ಬಂದರೆ ನಿಮ್ಮಂಥ ಸಣ್ಣ ದುರಸ್ತಿಗೆ ಅನುದಾನವನ್ನೇ ಕಾಯಬೇಕಿಲ್ಲ.

ಹಳೇಪೇಟೆ:
ಇದೆಲ್ಲ ಕಾಗದದ ಮಾತು. ಕಮಿಷನ್ ಇಲ್ಲದೆ ಯಾವ ಚರಂಡಿ ಆಗಿದೆ ಹೇಳಿ.

ಮಾಜಿ ಸದಸ್ಯ:
ಹಳೇಪೇಟೆಯವರೇ, ಕಳ್ಳತನ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಎಲ್ಲರೂ ಕಳ್ಳರು ಅಂದುಬಿಟ್ಟರೆ ಕಳ್ಳನಿಗೇ ಅನುಕೂಲ, ಯಾರೂ ಕಡತ ಕೇಳುವುದಿಲ್ಲ. ಕೆಲಸ ನಡೆಯುವಾಗ ಬೀದಿಯವರು ಎದುರು ನಿಂತು ಅಂದಾಜು ಪಟ್ಟಿಯಲ್ಲಿ ಬರೆದ ಅಗಲ, ಆಳ ಟೇಪ್ ಹಿಡಿದು ನೋಡಿದರೆ ಅರ್ಧ ಸರಿ ಹೋಗುತ್ತದೆ.

ಗೌರಿಬೀದಿ:
ಹೌದು ಸರ್, ನಮ್ಮ ಬೀದಿಯಲ್ಲಿ ನಾವು ಹೆಂಗಸರು ಹಾಗೇ ಮಾಡಿದ್ದು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ವಾರ್ಡಿನ ಕ್ರಿಯಾ ಯೋಜನೆ ಮತ್ತು ಸಭೆಯ ನಡಾವಳಿಯ ನಕಲು ತೆಗೆಸಿದೆವು. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ ಇರಬೇಕು. ಜಾಸ್ತಿ ಬರೆದು ತಿರಸ್ಕಾರ ಆಗದ ಹಾಗೆ ನೋಡಿಕೊಳ್ಳಿ. ನಕಲು ಕೈಗೆ ಬಂದಾಗ ನಮ್ಮ ಬೀದಿ ಹೆಸರು ಪಟ್ಟಿಯಲ್ಲೇ ಇರಲಿಲ್ಲ. ಅದನ್ನು ಹಿಡಿದುಕೊಂಡು ಸದಸ್ಯೆಯ ಮನೆಗೆ ಹೋದೆವು. ಅವರಿಗೂ ಒಂದು ಆಧಾರ ಸಿಕ್ಕಿತು, "ಜನ ಬರೆದು ಕೇಳಿದ್ದಾರೆ" ಅಂತ ಮುಂದಿನ ಸಭೆಯಲ್ಲಿ ಎದ್ದು ನಿಂತು ಸೇರಿಸಿದರು. ಅವರ ಮೇಲೆ ನನಗೆ ತುಂಬಾ ಗೌರವ ಇದೆ. ಪಕ್ಷದವರೇ ಸುಮ್ಮನಿರು ಅಂದಾಗಲೂ ಕೂರಲಿಲ್ಲ.

ಮೂಲೆಮನೆ:
ಎಲ್ಲರಿಗೂ ಧನ್ಯವಾದ. ಡಿಸಿಬಿಗೆ ಒಂದು, ಕ್ರಿಯಾ ಯೋಜನೆಗೆ ಒಂದು, ಬೇರೆ ಬೇರೆ ಅರ್ಜಿ ಹಾಕುತ್ತೇನೆ. ಚರಂಡಿ ಮನವಿಗೆ ಬೀದಿಯವರ ಸಹಿ ಸಾಕಾ, ಅಂಗನವಾಡಿ ಟೀಚರ್ ಸಹಿಯೂ ಬೇಕಾ?

ಲೆಕ್ಕಶಾಖೆ:
ಟೀಚರ್ ಸಹಿ ಹಾಕಿಸಿ, ಒಳ್ಳೆಯದು. ನೀರು ನಿಂತ ಫೋಟೋ ಲಗತ್ತಿಸಿ. ಮನವಿಯನ್ನು ಸದಸ್ಯರ ಕೈಗೆ ಮಾತ್ರ ಕೊಡಬೇಡಿ, ಒಂದು ಪ್ರತಿ ಪುರಸಭೆ ಕಚೇರಿಯಲ್ಲಿ ಪತ್ರ ತೆಗೆದುಕೊಳ್ಳುವ ಆವಕ ವಿಭಾಗದಲ್ಲಿ ಕೊಟ್ಟು ಮೊಹರು ಹಾಕಿಸಿಕೊಳ್ಳಿ.