ಗುಂಡನ ಕುಶಿಂಗ್ಸ್: ಮಾತ್ರೆ ಶುರು ಮಾಡಬೇಕಾ ಅಂತ ಕೇಳಿದ ಚಿಕ್ಕಮ್ಮನಿಗೆ

ಚಿಕ್ಕಮ್ಮ, ನಿಮ್ಮ ವಾಯ್ಸ್ ಮೆಸೇಜ್ ಎಲ್ಲ ಕೇಳಿದೆ. ಗುಂಡನ ರಿಪೋರ್ಟ್ ಫೋಟೋಗಳನ್ನೂ ದೊಡ್ಡದು ಮಾಡಿ ನೋಡಿದೆ. ಉತ್ತರ ಸ್ವಲ್ಪ ಉದ್ದ ಆಗುತ್ತದೆ, ಕೂತು ಕೇಳಿ.

ಗ್ರೂಪಿನಲ್ಲಿ ಉಳಿದವರಿಗೂ ತಿಳಿಯಲಿ ಅಂತ ಒಮ್ಮೆ ಹೇಳಿಬಿಡುತ್ತೇನೆ. ಚಿಕ್ಕಮ್ಮನ ನಾಯಿ ಗುಂಡನಿಗೆ ಕುಶಿಂಗ್ಸ್ ಇದೆ ಅಂತ ಡಾಕ್ಟರ್ ಹೇಳಿದ್ದಾರೆ. ಮೈಯಲ್ಲಿ ಕಾರ್ಟಿಸೋಲ್ ಅನ್ನುವ ಸ್ಟೀರಾಯ್ಡ್ ಹಾರ್ಮೋನ್ ಅತಿಯಾಗುವ ಕಾಯಿಲೆ ಅದು. ವಯಸ್ಸು 11, ತೂಕ 10 ಕಿಲೋ. ದಿನಾ ಮಾತ್ರೆ ಕೊಡುವುದಾ, ಆಪರೇಷನ್ ಮಾಡಿಸುವುದಾ, ಇಲ್ಲಾ ಅವನ ಪಾಡಿಗೆ ಬಿಡುವುದಾ ಅಂತ ಚಿಕ್ಕಮ್ಮ ಕೇಳಿದ್ದಾರೆ. ಅಣ್ಣ "ವಯಸ್ಸಾಯ್ತು, ಸುಮ್ನೆ ಹಿಂಸೆ ಕೊಡಬೇಡಿ" ಅಂದಿದ್ದಾನೆ. ನಿದ್ದೆಯ ಹಾರ್ಮೋನ್ ಮೆಲಟೋನಿನ್ ಕೊಟ್ಟರೆ ಇದು ಹತೋಟಿಗೆ ಬರುತ್ತದೆ ಅನ್ನುವ ಒಂದು ವಿಡಿಯೋವನ್ನು ಮಾವ ಹಾಕಿದ್ದಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ನಾನಾಗಿದ್ದರೆ ಮಾತ್ರೆ ಶುರು ಮಾಡುತ್ತಿದ್ದೆ. ಆದರೆ ನಾಳೆ ಬೆಳಿಗ್ಗೆಯೇ ಅಲ್ಲ. ನಾನು ಪಶುವೈದ್ಯೆ ನಿಜ, ಆದರೂ ಗುಂಡನನ್ನು ಮುಟ್ಟಿ ನೋಡಿದವರು ನಿಮ್ಮ ಡಾಕ್ಟರ್. ಹಾಗಾಗಿ ಡೋಸ್ ಎಷ್ಟು ಅಂತ ನಾನು ಹೇಳುವುದಿಲ್ಲ, ಅದು ಅವರ ಕೆಲಸ.

ಮೊದಲು, ಇದು ನಿಜವಾಗಿ ಕುಶಿಂಗ್ಸ್ ಹೌದಾ ಅನ್ನುವುದು. ಇದನ್ನು ಯಾಕೆ ಎತ್ತುತ್ತೇನೆ ಅಂದರೆ, ಬೇರೆ ಯಾವುದೋ ಕಾಯಿಲೆಯಿಂದ ಬಳಲುತ್ತಿರುವ ನಾಯಿಗೂ ಈ ಪರೀಕ್ಷೆಗಳು ಕೆಲವೊಮ್ಮೆ ಪಾಸಿಟಿವ್ ಬರುತ್ತವೆ. ಲಕ್ಷಣ ಇಲ್ಲದ ನಾಯಿಗೆ, ಬರೀ ರಕ್ತದಲ್ಲಿ ಲಿವರಿನ ಒಂದು ಕಿಣ್ವವಾದ ಎಎಲ್‌ಪಿ ಜಾಸ್ತಿ ಇದೆ ಅಂತ ಈ ಟೆಸ್ಟ್ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ. ಗುಂಡನ ವಿಷಯ ಹಾಗಲ್ಲ. ವಿಪರೀತ ನೀರು ಕುಡಿಯುವುದು, ರಾತ್ರಿ ಮನೆಯೊಳಗೇ ಉಚ್ಚೆ ಹೊಯ್ಯುವುದು, ಎಷ್ಟು ತಿಂದರೂ ತೀರದ ಹಸಿವು, ಜೋತುಬಿದ್ದ ಹೊಟ್ಟೆ, ಎರಡೂ ಪಕ್ಕೆಯಲ್ಲಿ ಒಂದೇ ಥರ ಕೂದಲು ತೆಳುವಾಗಿರುವುದು, ಸುಮ್ಮನೆ ಮಲಗಿದ್ದಾಗಲೂ ಏದುಸಿರು. ಎಲ್ಲವೂ ಹೊಂದುತ್ತದೆ. ಹೊಟ್ಟೆ ನೋಡಿ ದಪ್ಪ ಆಗಿದ್ದಾನೆ ಅಂದುಕೊಂಡಿದ್ದಿರಿ ಅಲ್ವಾ, ಅದು ಬರೀ ಬೊಜ್ಜಲ್ಲ. ಕಾರ್ಟಿಸೋಲ್ ಜಾಸ್ತಿಯಾದಾಗ ಹೊಟ್ಟೆಯ ಸ್ನಾಯುಗಳು ಸಡಿಲವಾಗುತ್ತವೆ, ಲಿವರ್ ದೊಡ್ಡದಾಗುತ್ತದೆ, ಕೊಬ್ಬು ಹೊಟ್ಟೆಯೊಳಗೆ ಸೇರುತ್ತದೆ. ತೊಡೆಯ ಸ್ನಾಯು ಕರಗುತ್ತದೆ. ಮೆಟ್ಟಿಲು ಹತ್ತಲು ಅವನು ಹಿಂದೆಮುಂದೆ ನೋಡುವುದು ಅದಕ್ಕೇ ಇರಬಹುದು.

ಎಎಲ್‌ಪಿ ನೋಡಿ ಲಿವರ್ ಹಾಳಾಗಿದೆ ಅಂತ ಗಾಬರಿಯಾಗಬೇಡಿ. ನಾಯಿಗಳಲ್ಲಿ ಸ್ಟೀರಾಯ್ಡ್ ಜಾಸ್ತಿಯಾದರೆ ಲಿವರ್ ಒಂದು ವಿಶೇಷ ಬಗೆಯ ಎಎಲ್‌ಪಿ ತಯಾರಿಸುತ್ತದೆ. ಕುಶಿಂಗ್ಸ್ ಇರುವ ಹೆಚ್ಚಿನ ನಾಯಿಗಳಲ್ಲಿ ಅದು ಏರಿಯೇ ಇರುತ್ತದೆ.

ಇನ್ನು, ಗುಂಡನ ಕಿವಿಗೆ ಹಾಕುವ ಡ್ರಾಪ್ಸಿನಿಂದಲೇ ಇದು ಬಂತಾ ಅನ್ನುವುದು. ಒಳ್ಳೆಯ ಪ್ರಶ್ನೆ ಕೇಳಿದಿರಿ ಚಿಕ್ಕಮ್ಮ. ಪ್ರೆಡ್ನಿಸೊಲೋನ್ ಮಾತ್ರೆ ಮಾತ್ರವಲ್ಲ, ಸ್ಟೀರಾಯ್ಡ್ ಇರುವ ಕಿವಿ, ಕಣ್ಣಿನ ಡ್ರಾಪ್ಸ್ ಮತ್ತು ಚರ್ಮದ ಮುಲಾಮು ಕೂಡ ಬಹಳ ದಿನ ಬಳಸಿದರೆ ಥೇಟ್ ಕುಶಿಂಗ್ಸ್ ಥರವೇ ಕಾಣಿಸುತ್ತದೆ. ಅದಕ್ಕೆ ಬೇರೆ ಮದ್ದಿಲ್ಲ, ಆ ಸ್ಟೀರಾಯ್ಡನ್ನೇ ನಿಧಾನವಾಗಿ ಇಳಿಸಬೇಕು. ಒಮ್ಮೆಲೇ ನಿಲ್ಲಿಸಿದರೆ ಅಪಾಯ. ಆದರೆ ಹೊರಗಿನಿಂದ ಸ್ಟೀರಾಯ್ಡ್ ಹೋಗುತ್ತಿದ್ದರೆ ಕಾರ್ಟಿಸೋಲ್ ತಯಾರಿಸುವ, ಕಿಡ್ನಿ ಪಕ್ಕದ ಅಡ್ರಿನಲ್ ಗ್ರಂಥಿಗಳು ಕೆಲಸವಿಲ್ಲದೆ ಸಣ್ಣದಾಗುತ್ತವೆ. ಗುಂಡನ ಸ್ಕ್ಯಾನ್‌ನಲ್ಲಿ ಎರಡೂ ದಪ್ಪಗಿವೆ. ಹಾಗಾಗಿ ಡ್ರಾಪ್ಸ್ ಮೇಲೆ ತಪ್ಪು ಹೊರಿಸುವುದು ಬೇಡ. ಆದರೂ ಆ ಬಾಟಲಿಯನ್ನು ಡಾಕ್ಟರಿಗೆ ಒಮ್ಮೆ ತೋರಿಸಿ.

ಎರಡೂ ದಪ್ಪಗಿರುವುದು ಇನ್ನೊಂದು ವಿಷಯವನ್ನೂ ಹೇಳುತ್ತದೆ. ಕುಶಿಂಗ್ಸ್ ತಾನಾಗಿ ಬಂದ ನೂರು ನಾಯಿಗಳಲ್ಲಿ 80ರಿಂದ 85ಕ್ಕೆ ಮೂಲ ತಲೆಯಲ್ಲಿರುತ್ತದೆ. ಅಡ್ರಿನಲ್‌ಗಳಿಗೆ ಅಪ್ಪಣೆ ಕೊಡುವ ಪಿಟ್ಯುಟರಿ ಗ್ರಂಥಿಯಲ್ಲಿ ಒಂದು ಗೆಡ್ಡೆ, ಸಾಮಾನ್ಯವಾಗಿ ಬಹಳ ಚಿಕ್ಕದು. ಮೇಲಧಿಕಾರಿ ಬಿಡದೆ ಫೋನ್ ಮಾಡುತ್ತಲೇ ಇದ್ದರೆ ಕೆಳಗಿನವರು ಕೆಲಸ ನಿಲ್ಲಿಸುವುದು ಹೇಗೆ, ಹಾಗೆ ಎರಡೂ ಅಡ್ರಿನಲ್‌ಗಳು ಕಾರ್ಟಿಸೋಲ್ ಸುರಿಯುತ್ತಲೇ ಇರುತ್ತವೆ. ಉಳಿದ 15ರಿಂದ 20 ನಾಯಿಗಳಲ್ಲಿ ಗೆಡ್ಡೆ ಅಡ್ರಿನಲ್‌ನಲ್ಲೇ ಇರುತ್ತದೆ. ಸಾಮಾನ್ಯವಾಗಿ ಒಂದು ದಪ್ಪ, ಇನ್ನೊಂದು ಸಣಕಲು. ಅಂಥ ಗೆಡ್ಡೆಗಳಲ್ಲಿ ಸುಮಾರು ಅರ್ಧ ಕ್ಯಾನ್ಸರ್. ಆಗ ಆಪರೇಷನ್ ಬಗ್ಗೆ ಗಂಭೀರವಾಗಿ ಯೋಚಿಸಬೇಕಾಗುತ್ತದೆ.

ಗುಂಡನ ಡೆಕ್ಸಾಮೆಥಾಸೋನ್ (ಒಂದು ಸ್ಟೀರಾಯ್ಡ್ ಇಂಜೆಕ್ಷನ್) ಟೆಸ್ಟ್ ಕೂಡ ತಲೆಯ ಕಡೆಗೇ ಬೆರಳು ತೋರಿಸುತ್ತದೆ. ಎಂಟು ಗಂಟೆ ಕೂರಿಸಿಕೊಂಡು ಮೂರು ಸಲ ರಕ್ತ ತೆಗೆದರು ಅಂತ ಬೇಜಾರು ಮಾಡಿಕೊಂಡಿದ್ದಿರಲ್ಲ, ಅದೇ ಟೆಸ್ಟ್. ಆರೋಗ್ಯವಾಗಿರುವ ನಾಯಿಗೆ ಆ ಇಂಜೆಕ್ಷನ್ ಕೊಟ್ಟರೆ ಕಾರ್ಟಿಸೋಲ್ ಇಳಿದು ಎಂಟು ಗಂಟೆವರೆಗೂ ಕೆಳಗೇ ಇರುತ್ತದೆ. ಗುಂಡನದ್ದು ನಾಲ್ಕನೇ ಗಂಟೆಗೆ ಇಳಿದು ಎಂಟನೇ ಗಂಟೆಗೆ ಮತ್ತೆ ಎದ್ದು ಕೂತಿದೆ. ಇದು ಪಿಟ್ಯುಟರಿ ಬಗೆಯ ಗುರುತು. ನಿಮ್ಮ ಡಾಕ್ಟರ್ ಸರಿಯಾದ ದಾರಿಯಲ್ಲೇ ಹೋಗಿದ್ದಾರೆ.

ಹಾಗಾದರೆ ಆಪರೇಷನ್? ಪಿಟ್ಯುಟರಿ ತೆಗೆಯುವ ಆಪರೇಷನ್ ಇದೆ. ಆದರೆ ಜಗತ್ತಿನಲ್ಲೇ ಬೆರಳೆಣಿಕೆಯ ಕಡೆ ಮಾಡುತ್ತಾರೆ, ಆಮೇಲೆ ಜೀವಮಾನವಿಡೀ ಹಾರ್ಮೋನ್ ಮಾತ್ರೆ ಕೊಡಬೇಕು. 11 ವರ್ಷದ ಗುಂಡನಿಗೆ ನಾನು ಅದನ್ನು ಹೇಳುವುದಿಲ್ಲ. ತಲೆಯ ಗೆಡ್ಡೆ ದೊಡ್ಡದಾಗಿ ಬೆಳೆದರೆ ರೇಡಿಯೇಷನ್ ಉಪಯೋಗಕ್ಕೆ ಬರುತ್ತದೆ. ಅಂಥ ಲಕ್ಷಣ ಏನಾದರೂ ಇದೆಯಾ ನೋಡಿ: ಮಂಕು ಬಡಿದಂತಿರುವುದು, ಒಂದೇ ಕಡೆ ಸುತ್ತುವುದು, ಗೋಡೆಗೆ ತಲೆ ಒತ್ತಿ ನಿಲ್ಲುವುದು. ಈಗ ಇಲ್ಲ ಅಂತ ನಿಮ್ಮ ಮಾತಿನಿಂದ ಗೊತ್ತಾಗುತ್ತದೆ. ಮುಂದೆ ಕಂಡರೆ ತಲೆಯ ಸ್ಕ್ಯಾನ್ ಮಾತು ಬರುತ್ತದೆ.

ಉಳಿಯುವುದು ಔಷಧಿ. ಈಗ ಹೆಚ್ಚಾಗಿ ಕೊಡುವುದು ಟ್ರೈಲೋಸ್ಟೇನ್. ಅಮೆರಿಕದಲ್ಲಿ ನಾಯಿಗಳಿಗೆ ಅಂತ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 2008ರಲ್ಲಿ. ಕಾರ್ಟಿಸೋಲ್ ತಯಾರಾಗುವ ದಾರಿಯಲ್ಲಿ ಒಂದು ಕಿಣ್ವವನ್ನು ಇದು ತಡೆಯುತ್ತದೆ. ಗೆಡ್ಡೆಯನ್ನು ಮುಟ್ಟುವುದಿಲ್ಲ, ಕಾಯಿಲೆಯನ್ನು ಗುಣ ಮಾಡುವುದಿಲ್ಲ. ಒಂದು ಡೋಸಿನ ಪರಿಣಾಮ ಕೆಲವು ಗಂಟೆಗಳಷ್ಟೇ. ಅದಕ್ಕೇ ದಿನಾ ಕೊಡಬೇಕು, ಹಲವು ನಾಯಿಗಳಿಗೆ ದಿನಕ್ಕೆರಡು ಸಲ. ಅದೇ ಕಾರಣಕ್ಕೆ ಒಂದು ಅನುಕೂಲವೂ ಇದೆ. ಜಾಸ್ತಿ ಆಯಿತು ಅನ್ನಿಸಿದರೆ ನಿಲ್ಲಿಸಬಹುದು, ಹೆಚ್ಚಿನ ನಾಯಿಗಳು ಚೇತರಿಸಿಕೊಳ್ಳುತ್ತವೆ. ಅಪರೂಪಕ್ಕೆ ಮಾತ್ರ ಅಡ್ರಿನಲ್‌ಗೆ ಶಾಶ್ವತ ಏಟು ಬೀಳುತ್ತದೆ. ಹಳೆಯ ಔಷಧಿ ಮೈಟೋಟೇನ್ ಹಾಗಲ್ಲ, ಅದು ಅಡ್ರಿನಲ್‌ನ ಹೊರಪದರವನ್ನೇ ನಾಶ ಮಾಡುತ್ತದೆ. ಕೆಲಸ ಮಾಡುತ್ತದೆ, ಆದರೆ ಬಳಸಿ ಕೈ ಪಳಗಿದ ಡಾಕ್ಟರ್ ಬೇಕು. ಸೆಲೆಜಿಲಿನ್ ಅಂತ ಇನ್ನೊಂದಿದೆ, ಅದರಿಂದ ಕೆಲವೇ ನಾಯಿಗಳಿಗೆ ಉಪಯೋಗ.

ಮಾವ, ಬೇಜಾರಾಗಬೇಡಿ, ಮೆಲಟೋನಿನ್ ಇಂಥ ಕುಶಿಂಗ್ಸನ್ನು ಹತೋಟಿಗೆ ತರುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ವಿಡಿಯೋದಲ್ಲಿ ತೋರಿಸಿದ ನಾಯಿಗೆ ಯಾವ ಟೆಸ್ಟ್ ಮಾಡಿಸಿದ್ದರು ಅಂತಲೂ ಹೇಳಿಲ್ಲ.

ಅಣ್ಣ, ನಿನ್ನ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಲಕ್ಷಣ ತೀರಾ ಕಡಿಮೆ ಇದ್ದು ನಾಯಿ ಆರಾಮಾಗಿದ್ದರೆ ಕಾಯುವುದು ತಪ್ಪಲ್ಲ. ಜೊತೆಗೆ ಬೇರೆ ದೊಡ್ಡ ಕಾಯಿಲೆ ಇದ್ದರೂ ಕಾಯಬಹುದು. ಮಾತ್ರೆ ಶುರು ಮಾಡಿ ತಪಾಸಣೆಗೆ ಕರೆದುಕೊಂಡು ಹೋಗಲು ಆಗುವುದೇ ಇಲ್ಲ ಅನ್ನುವ ಮನೆಯಲ್ಲಂತೂ ಶುರು ಮಾಡದಿರುವುದೇ ವಾಸಿ. ತಪಾಸಣೆ ಇಲ್ಲದ ಟ್ರೈಲೋಸ್ಟೇನ್ ಕುಶಿಂಗ್ಸ್‌ಗಿಂತ ಬೇಗ ಪ್ರಾಣ ತೆಗೆಯಬಹುದು. ಆದರೆ ಗುಂಡ ಆರಾಮಾಗಿದ್ದಾನೆ ಅಂತ ನನಗೆ ಅನ್ನಿಸುವುದಿಲ್ಲ. ಹಗಲೂ ರಾತ್ರಿ ಬಾಯಾರಿಕೆ. ಯಾವಾಗಲೂ ಹಸಿವು. ರಾತ್ರಿ ತಡೆಯಲಾರದೆ ಎದ್ದು ಬಾಗಿಲ ಹತ್ತಿರ ಹೋಗಿ ಅಲ್ಲೇ ಉಚ್ಚೆ ಹೊಯ್ದು, ಬೈಸಿಕೊಳ್ಳುತ್ತೇನೆ ಅಂತ ಮೂಲೆ ಸೇರುತ್ತಾನಂತೆ. ವಯಸ್ಸಾದ ನಾಯಿ ಹೀಗೇ ಇರಬೇಕು ಅಂತೇನಿಲ್ಲ. ಇದರಲ್ಲಿ ಬಹುಪಾಲು ಇಳಿಸಬಹುದಾದ ಕಷ್ಟ. ಬಿಟ್ಟರೆ ಬಿಪಿ, ಸಕ್ಕರೆ ಕಾಯಿಲೆ, ಪದೇಪದೇ ಸೋಂಕು, ರಕ್ತ ಹೆಪ್ಪುಗಟ್ಟುವುದು, ಇವೆಲ್ಲದರ ಸಾಧ್ಯತೆ ಹೆಚ್ಚುತ್ತದೆ.

ಎಷ್ಟು ದಿನ ಬದುಕುತ್ತಾನೆ ಅಂತ ಚಿಕ್ಕಪ್ಪ ನನಗೆ ಬೇರೆಯಾಗಿ ಮೆಸೇಜ್ ಮಾಡಿದ್ದರು, ಇಲ್ಲೇ ಹೇಳುತ್ತೇನೆ. ಮಾತ್ರೆ ತೆಗೆದುಕೊಳ್ಳುವ ನಾಯಿಗಳು ಸಾಮಾನ್ಯವಾಗಿ ಎರಡು ವರ್ಷದ ಆಸುಪಾಸು ಬದುಕುತ್ತವೆ, ಇನ್ನೂ ಜಾಸ್ತಿ ಬದುಕಿದವೂ ಇವೆ. ಎಷ್ಟೋ ನಾಯಿಗಳು ಕೊನೆಗೆ ಹೋಗುವುದು ಬೇರೆ ಮುಪ್ಪಿನ ಕಾಯಿಲೆಯಿಂದ. ಹಾಗಾಗಿ ಮಾತ್ರೆಯಿಂದ ಆಯಸ್ಸು ಇಷ್ಟು ಹೆಚ್ಚಾಗುತ್ತದೆ ಅಂತ ನಾನು ಆಸೆ ತೋರಿಸುವುದಿಲ್ಲ. ಇರುವಷ್ಟು ದಿನ ಅವನು ರಾತ್ರಿ ನಿದ್ದೆ ಮಾಡಲಿ ಅನ್ನುವುದಕ್ಕೆ ಮಾತ್ರೆ.

ಈಗ, ನಾಳೆಯೇ ಬೇಡ ಅಂದೆನಲ್ಲ. ಶುರು ಮಾಡುವ ಮುಂಚೆ ಎರಡು ಕೆಲಸ ಆಗಲಿ. ಒಂದು, ಮೂತ್ರದ ಕಲ್ಚರ್ (ಸೋಂಕಿನ ರೋಗಾಣು ಬೆಳೆಯುತ್ತದಾ ಅಂತ ನೋಡುವುದು) ಮತ್ತು ಅದರಲ್ಲಿ ಪ್ರೋಟೀನ್ ಹೋಗುತ್ತಿದೆಯಾ ಅನ್ನುವ ಪರೀಕ್ಷೆ. ಕಾರ್ಟಿಸೋಲ್ ಜಾಸ್ತಿ ಇದ್ದಾಗ ಸೋಂಕಿದ್ದರೂ ಉರಿ, ನೋವು ಏನೂ ತೋರಿಸುವುದಿಲ್ಲ, ಮೂತ್ರ ನೀರಿನಂತಿರುವುದರಿಂದ ಮಾಮೂಲಿ ಪರೀಕ್ಷೆಯಲ್ಲೂ ತಪ್ಪಿಸಿಕೊಳ್ಳಬಹುದು. ಎರಡು, ಬಿಪಿ. ಬಿಪಿಗೆ ಬೆನಜೆಪ್ರಿಲ್, ಎನಲಾಪ್ರಿಲ್ ಥರದ ಮಾತ್ರೆ ಬರೆದರೆ ಟ್ರೈಲೋಸ್ಟೇನ್ ವಿಷಯ ನೆನಪಿಸಿ. ಎರಡೂ ಸೇರಿ ಪೊಟ್ಯಾಸಿಯಂ ಏರಿಸಬಹುದು.

ಅಷ್ಟರಲ್ಲಿ ನೀವು ಮನೆಯಲ್ಲಿ ನೀರು ಅಳೆಯಿರಿ. ಬೆಳಿಗ್ಗೆ ಅಳತೆ ಮಾಡಿ ಬಟ್ಟಲಿಗೆ ಹಾಕಿ, ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ಅಳೆದು ಕಳೆಯಿರಿ. ಕೆಲವು ದಿನ ಬರೆದಿಡಿ. ಒಂದು ಕಿಲೋ ತೂಕಕ್ಕೆ ದಿನಕ್ಕೆ 100 ಮಿಲಿ ದಾಟಿದರೆ ಜಾಸ್ತಿ, ಅಂದರೆ ಗುಂಡನಿಗೆ ಒಂದು ಲೀಟರ್. ಮಾತ್ರೆ ಕೆಲಸ ಮಾಡುತ್ತಿದೆಯಾ ಅಂತ ಲ್ಯಾಬಿಗಿಂತ ಮೊದಲು ಹೇಳುವುದು ಈ ಚೀಟಿಯೇ. ಆದರೆ ದಯವಿಟ್ಟು ನೀರು ಕಡಿಮೆ ಇಡಬೇಡಿ. ಉಚ್ಚೆ ಜಾಸ್ತಿ ಹೋಗುವುದರಿಂದ ಅವನು ನೀರು ಕುಡಿಯುತ್ತಿದ್ದಾನೆ, ನೀರು ಕುಡಿದು ಉಚ್ಚೆ ಜಾಸ್ತಿ ಆದದ್ದಲ್ಲ.

ಮಾತ್ರೆ ಶುರುವಾದ ಮೇಲೆ ಊಟದ ಜೊತೆಗೇ ಕೊಡಬೇಕು, ಖಾಲಿ ಹೊಟ್ಟೆಯಲ್ಲಿ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಕ್ಯಾಪ್ಸೂಲ್ ಬಿಚ್ಚಿ ಅರ್ಧ ಮಾಡಬೇಡಿ. ಕಡಿಮೆ ಡೋಸಿನಿಂದ ಶುರು ಮಾಡೋಣ ಅಂತ ಡಾಕ್ಟರ್ ಅಂದರೆ ಜಿಪುಣತನ ಅಂದುಕೊಳ್ಳಬೇಡಿ, ಅದೇ ಜಾಣತನ. 10ರಿಂದ 14 ದಿನಕ್ಕೆ ಮೊದಲ ತಪಾಸಣೆ, ಆಮೇಲೆ ಒಂದು ತಿಂಗಳಿಗೆ, ಮೂರು ತಿಂಗಳಿಗೆ, ನಂತರ ಮೂರು ಮೂರು ತಿಂಗಳಿಗೊಮ್ಮೆ. ಕಾರ್ಟಿಸೋಲ್ ಜೊತೆ ಸೋಡಿಯಂ, ಪೊಟ್ಯಾಸಿಯಂ ಕೂಡ ನೋಡುತ್ತಾರೆ. ಆ ದಿನ ಮಾತ್ರೆ ಕೊಟ್ಟು ಎಷ್ಟು ಗಂಟೆಗೆ ಕರೆತರಬೇಕು ಅಂತ ಮೊದಲೇ ಕೇಳಿಕೊಳ್ಳಿ, ಹೊತ್ತು ತಪ್ಪಿದರೆ ರಿಪೋರ್ಟ್ ಅರ್ಥವಿಲ್ಲದ್ದಾಗುತ್ತದೆ.

ಇದನ್ನು ಮಾತ್ರ ಎಲ್ಲರೂ ನೆನಪಿಡಿ. ಗುಂಡ ಊಟ ಬೇಡ ಅಂದರೆ ಆ ಹೊತ್ತಿನ ಮಾತ್ರೆ ಕೊಡಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಕುಶಿಂಗ್ಸ್ ನಾಯಿ ತಟ್ಟೆಯಿಂದ ಮುಖ ತಿರುಗಿಸಿತು ಅಂದರೆ ಅದು ಸಣ್ಣ ವಿಷಯವಲ್ಲ. ವಾಂತಿ, ಭೇದಿ, ನಿಶ್ಶಕ್ತಿ, ನಡುಕ, ಏಳಲಾಗದೆ ಬಿದ್ದುಕೊಳ್ಳುವುದು, ಇವು ಕಾರ್ಟಿಸೋಲ್ ತೀರಾ ಇಳಿದಿರುವುದರ ಗುರುತಾಗಿರಬಹುದು. ಬೆಳಿಗ್ಗೆವರೆಗೆ ನೋಡೋಣ ಅನ್ನಬೇಡಿ. ಇಂಥ ಹೊತ್ತಿಗೆ ಕೊಡಲು ಪ್ರೆಡ್ನಿಸೊಲೋನ್ ಮನೆಯಲ್ಲಿಟ್ಟಿರಬೇಕಾ ಅಂತ ಮೊದಲ ದಿನವೇ ಡಾಕ್ಟರನ್ನು ಕೇಳಿ.

ನೀರು, ಉಚ್ಚೆ, ಹಸಿವು ಕೆಲವು ವಾರದಲ್ಲಿ ಇಳಿಯುತ್ತವೆ. ಕೂದಲಿಗೆ ತಿಂಗಳುಗಳೇ ಬೇಕು, ಒಮ್ಮೊಮ್ಮೆ ಮೊದಲು ಇನ್ನಷ್ಟು ಉದುರಿ ಆಮೇಲೆ ಬರುತ್ತದೆ, ಬಣ್ಣ ಬೇರೆಯಾದರೂ ಹೆದರಬೇಡಿ. ಇನ್ನೊಂದು, ಅವನು ಕುಂಟಲು ಶುರು ಮಾಡಬಹುದು, ಮೈ ಕೆರೆದುಕೊಳ್ಳಬಹುದು. ಇಷ್ಟು ದಿನ ಅವನದೇ ಕಾರ್ಟಿಸೋಲ್ ಕೀಲುನೋವು, ಅಲರ್ಜಿಯನ್ನು ಮುಚ್ಚಿಟ್ಟಿತ್ತು. ಆಗ ಮಾತ್ರೆಯಿಂದ ಕೆಟ್ಟಿತು ಅಂತ ನೀವಾಗಿಯೇ ನಿಲ್ಲಿಸಬೇಡಿ, ಮನೆಯಲ್ಲಿರುವ ನೋವಿನ ಮಾತ್ರೆಯನ್ನೂ ಕೊಡಬೇಡಿ.

ಹಾಂ, ಅತ್ತಿಗೆ ಈಗ ಬಸುರಿ ಅಲ್ವಾ. ಅವರು ಈ ಕ್ಯಾಪ್ಸೂಲ್ ಮುಟ್ಟುವುದು ಬೇಡ. ಅಣ್ಣ, ಮಾತ್ರೆ ಕೊಡುವ ಕೆಲಸ ನಿನ್ನದೇ, ಕೊಟ್ಟ ಮೇಲೆ ಸೋಪು ಹಾಕಿ ಕೈ ತೊಳೆದುಕೋ.

ಚಿಕ್ಕಮ್ಮ, ಮೂತ್ರದ ರಿಪೋರ್ಟ್ ಮತ್ತು ನೀರಿನ ಲೆಕ್ಕ ಬಂದ ಮೇಲೆ ಇಲ್ಲೇ ಹಾಕಿ. ಡಾಕ್ಟರ್ ಒಪ್ಪಿದರೆ ನಾನೂ ಅವರ ಜೊತೆ ಫೋನಿನಲ್ಲಿ ಒಮ್ಮೆ ಮಾತಾಡುತ್ತೇನೆ.